ಅಗಸಿಕಟ್ಟಿ ಕಾಯ್ದ ಟೈಪಿಂಗ್ ಸರ್

ಟೈಪಿಂಗ್ ಸರ್ ಅವರ ಬೆರಳುಗಳು ಸುಮ್ಮನೆ ಕೂತದ್ದನ್ನು ನಾನು ನೋಡಿದ್ದು ಒಂದೇ ಸಲ. ಉಳಿದಂತೆ ಆ ಹತ್ತೂ ಬೆರಳಿಗೆ ಸದಾ ಕೆಲಸ. ಎದುರಿಗೆ ಯಾರಾದರೂ ಮಾತಾಡಿದರೆ ಸಾಕು, ಅವರು ಆಡಿದ್ದನ್ನೆಲ್ಲ ಸರ್ ತಮ್ಮ ತೊಡೆಯ ಮೇಲೆ ಟೈಪ್ ಮಾಡುತ್ತ ಕೂಡುತ್ತಿದ್ದರು. ಸಾಲು ಮುಗಿದರೆ ಎಡಗೈ ಎತ್ತಿ, ಇಲ್ಲದ ಮಷೀನನ್ನು ಸರಕ್ಕನೆ ಸರಿಸುವುದು ಬೇರೆ. ಅವರ ಪ್ಯಾಂಟುಗಳೆಲ್ಲ ಮೊಣಕಾಲಿನ ಮೇಲೆ ಸವೆದು ಹೊಳೆಯುತ್ತಿದ್ದವು. ನಾವು ಹುಡುಗಿಯರು ಅದನ್ನು ನೋಡಿ ಬಾಯಿಗೆ ವೇಲ್ ಒತ್ತಿಕೊಂಡು ನಗುತ್ತಿದ್ದೆವು.

ಅವರದು ಕುಂದಗೋಳದಲ್ಲಿ ಟೈಪಿಂಗ್ ಇನ್‌ಸ್ಟಿಟ್ಯೂಟ್. ಮನೆಯೊಳಗೆ ಉರ್ದು, ಹೊರಗೆ ಅಗದಿ ಗಟ್ಟಿ ಕನ್ನಡ. ಎಸ್ಸೆಸ್ಸೆಲ್ಸಿ ಮುಗಿಸಿ ಮನೆಯಲ್ಲಿದ್ದ ನನ್ನನ್ನು, ಮದುವೆ ಆಗುವತನಕ ಏನಾದರೂ ಕಲಿಯಲಿ ಎಂದು ನಮ್ಮಪ್ಪ ಅಲ್ಲಿಗೆ ಸೇರಿಸಿದ್ದ. ನಾನು ಬಗ್ಗಿ ಬಗ್ಗಿ ಅಕ್ಷರ ಹುಡುಕುವುದನ್ನು ಮೂರು ದಿನ ನೋಡಿದ ಸರ್, ನಾಲ್ಕನೆಯ ದಿನ ನನ್ನ ಕೈಗಳ ಮೇಲೆ ಒಂದು ಟವೆಲ್ ಹೊದಿಸಿಬಿಟ್ಟರು. "ಬೆರಳಿಗೆ ಕಣ್ಣ ಅದಾವ ತಂಗಿ. ನೀ ಮುಂದ ನೋಡು" ಎಂದರು. ನನಗೆ ಸಿಟ್ಟು ಬಂತು. ಆ ಸಿಟ್ಟಿನಲ್ಲೇ ಕಲಿತೆ.

ಟೈಪ್‌ರೈಟರಿನ ಕಾಲ ಮುಗಿದಾಗ ಸರ್ ಅಳುತ್ತ ಕೂಡಲಿಲ್ಲ. ಎರಡು ಕಂಪ್ಯೂಟರ್ ತಂದಿಟ್ಟು, ತಾವೇ ಪುಸ್ತಕ ನೋಡಿ ಕಲಿತು, ಇಂಟರ್‌ನೆಟ್ಟಿನಲ್ಲಿ ಒಂದು ಜಾಗ ಮಾಡಿದರು. ಅದಕ್ಕೆ ಅವರಿಟ್ಟ ಹೆಸರು 'ಅಗಸಿಕಟ್ಟಿ'. ಅಗಸಿ ಎಂದರೆ ನಮ್ಮ ಕಡೆ ಊರಬಾಗಿಲು. ಅದರ ಬಾಜುಕಿನ ಕಟ್ಟೆಯ ಮೇಲೆ ಗಂಡಸರು ಕೂತು ಜಗತ್ತಿನ ಸುದ್ದಿಯೆಲ್ಲ ಆಡುತ್ತಾರೆ. ಸೊಸೆಯಂದಿರು ಅಲ್ಲಿ ಕೂಡುವ ಮಾತು ದೂರ ಉಳಿಯಿತು, ದಾಟುವಾಗಲೂ ತಲೆಮೇಲೆ ಸೆರಗು ಎಳೆದುಕೊಂಡು ಬಿರಬಿರನೆ ನಡೆಯಬೇಕು. ಸರ್ ಮಾಡಿದ ಕಟ್ಟೆಯ ಮೇಲೆ ಯಾರು ಬೇಕಾದರೂ ಕೂಡಬಹುದಿತ್ತು. ಒಬ್ಬರು ಒಂದು ಪ್ರಶ್ನೆ ಬರೆದಿಟ್ಟರೆ ಕೆಳಗೆ ಉಳಿದವರು ಉತ್ತರ ಬರೆಯುತ್ತ ಹೋಗುವುದು. ಮೆಣಸಿನ ಗಿಡದ ಎಲೆ ಯಾಕೆ ಮುದುಡುತ್ತದೆ, ಹಳೇ ಪಂಪ್‌ಸೆಟ್ಟಿನ ವಾಷರ್ ಎಲ್ಲಿ ಸಿಗುತ್ತದೆ, ಮಗ ಮಾತು ಕೇಳುವುದಿಲ್ಲ ಏನು ಮಾಡಲಿ, ಎಲ್ಲವೂ ಅಲ್ಲಿ ಬರುತ್ತಿದ್ದವು. ಬಂದವರು ತಮ್ಮ ಹೆಸರು ಹೇಳಬೇಕಾಗಿರಲಿಲ್ಲ. ನಾನು 'ಹಿತ್ತಲದಾಕಿ' ಎಂದು ಇಟ್ಟುಕೊಂಡಿದ್ದೆ.

ಸರ್ ಅಲ್ಲಿ ಮಾಡಿದ್ದ ಕಾಯಿದೆ ಒಂದೇ. ಯಾರದಾದರೂ ಕಷ್ಟ ಓದಿದರೆ ಕೆಳಗೆ 'ಓದೇನ್ರಿ', ಅಂದರೆ ಓದಿದ್ದೇನೆ, ಎಂದಾದರೂ ಬರೆಯಲೇಬೇಕು. "ಉತ್ತರ ಗೊತ್ತಿಲ್ಲಂದ್ರ ಬ್ಯಾಡ. ಕೇಳಿದವರನ್ನ ಹಂಗ ನಿಂದರಸಿ ಮುಂದ ಹೋಗಬಾರದು" ಎನ್ನುತ್ತಿದ್ದರು. ದಾರಿಯಲ್ಲಿ ಎದುರಾದವರನ್ನು 'ಎಲ್ಲಿಗೆ ಹೊಂಟೀರಿ' ಎಂದು ಕೇಳದೆ ದಾಟುವ ರೂಢಿ ನಮ್ಮಲ್ಲಿ ಇಲ್ಲವಲ್ಲ, ಹಾಗೆ.

ನನ್ನನ್ನು ಮಿಶ್ರಿಕೋಟಿಗೆ ಕೊಟ್ಟರು. ನಮ್ಮವರು ಒಂದು ಸೊಸೈಟಿಯಲ್ಲಿ ಗುಮಾಸ್ತರು. ಸೊಸೆಗೆ ಟೈಪಿಂಗ್ ಬರುತ್ತದೆ, ಸೊಸೈಟಿಯ ಕಾಗದ ಮನೆಯಲ್ಲೇ ಹೊಡೆಯಲಿ ಎಂದು ನಡುಮನೆಯಲ್ಲಿ ಒಂದು ಕಂಪ್ಯೂಟರ್ ತಂದಿಟ್ಟರು. ಮುಂದಿನ ಬಾಗಿಲು ಗಂಡಸರದು, ಹಿಂದಿನ ಹಿತ್ತಲು ನನ್ನದು. ಪಂಚಮಿಗೆ ತವರಿಗೆ ಹೋಗುವಾಗ ಬಿಟ್ಟರೆ ಬಸ್‌ಸ್ಟ್ಯಾಂಡಿನ ಮುಖ ನೋಡಲಿಲ್ಲ. ಯಾರೂ ಹೊಡೆಯಲಿಲ್ಲ, ಉಪವಾಸ ಕೆಡವಲಿಲ್ಲ, ಅದೂ ಖರೆ. ಆದರೆ ಬಾಯಿಗೆ ಒಂದು ಮುಚ್ಚಳ ಬಿತ್ತು. ಅತ್ತೆ ತುಪ್ಪದ ಗಡಿಗೆಗೆ ಇದ್ದಲಿಯಿಂದ ಗೀಟು ಎಳೆದು ಇಡುತ್ತಿದ್ದರು, ಸೊಸೆ ಎಷ್ಟು ತಿಂದಳು ಎಂದು ನೋಡಲು. ತಾಯಿಗೆ ಹೇಳಿದರೆ "ಎಲ್ಲಾ ಮನ್ಯಾಗೂ ಇದ್ದದ್ದ" ಎನ್ನುತ್ತಿದ್ದಳು.

ಮಧ್ಯಾಹ್ನ ಎಲ್ಲರೂ ಉಂಡು ಅಡ್ಡಾದ ಮೇಲೆ, ಸೊಸೈಟಿಯ ಕಾಗದದ ನೆವದಲ್ಲಿ ನಾನು ಅಗಸಿಕಟ್ಟಿಗೆ ಹೋಗುತ್ತಿದ್ದೆ. ಗೀಟಿನ ಕಥೆ ಬರೆದೆ. ಅಂದು ಎಷ್ಟು ಮಂದಿ 'ಓದೇನ್ರಿ' ಎಂದರು! ಎಲ್ಲರಿಗಿಂತ ಚಂದ ಬರೆದವನು 'ಎರಿಹುಲಿ', ಅಂದರೆ ಎರೆಹೊಲದ ಹುಲಿ, ಎಂಬ ಒಬ್ಬ. "ತಂಗೀ, ಸುಮ್ಮ ಕುಂಡ್ರಬ್ಯಾಡ. ಇಂಥಾ ಅತ್ತಿ ಎದುರ ನಿಂತ ಕೇಳು. ನನ್ನ ನಿನ್ನ ಅಣ್ಣ ಅಂತ ತಿಳಕೋ" ಎಂದಿದ್ದ. ಅದನ್ನು ಓದಿ ಕಣ್ಣೀರು ಬಂತು. ಜಗತ್ತಿನಲ್ಲಿ ಇಂಥ ಗಂಡಸರೂ ಇದ್ದಾರಲ್ಲ ಎಂದು ಸಮಾಧಾನ ಆಯಿತು. ಏಳೆಂಟು ವರ್ಷ ಆ ಕಟ್ಟೆಯೇ ನನ್ನನ್ನು ಹಿಡಿದು ನಿಲ್ಲಿಸಿತು.

ಆಮೇಲೆ ಎಲ್ಲರ ಕೈಗೂ ದೊಡ್ಡ ಫೋನು ಬಂತು. ಕಟ್ಟೆಯ ಮಂದಿ ಒಬ್ಬೊಬ್ಬರೇ ಎದ್ದು ಹೋದರು. ಪ್ರಶ್ನೆ ಕೇಳಿದರೆ ವಾರಗಟ್ಟಲೆ ಉತ್ತರವಿಲ್ಲ. ಸರ್ ಒಬ್ಬರದೇ 'ಓದೇನ್ರಿ' ಎಲ್ಲದರ ಕೆಳಗೂ. ಮಂದಿ ಇದ್ದಲ್ಲಿಗೆ ಕಟ್ಟೆಯನ್ನೇ ಒಯ್ದರಾಯಿತು ಎಂದು ಅವರು ಒಂದು ಮುಂಜಾನೆ ವಾಟ್ಸಾಪ್ ಗ್ರೂಪ್ ಮಾಡಿದರು. ಸೇರುವಾಗ ನಾವೆಲ್ಲ ಅವರೊಬ್ಬರಿಗೇ ಎಂದು ಕೊಟ್ಟಿದ್ದ ನಂಬರುಗಳು ಅವರ ನೋಟ್‌ಬುಕ್ಕಿನಲ್ಲಿದ್ದವು. ಎಲ್ಲರನ್ನೂ ಕೂಡಿಸಿದರು. ಕೂಡಿಸಿ ಸುಮ್ಮನಿದ್ದರೆ ಏನೂ ಆಗುತ್ತಿರಲಿಲ್ಲವೋ ಏನೋ. ನಾಲ್ಕು ಮಂದಿಯನ್ನು ಒಂದು ಕಡೆ ಕೂಡಿಸಿದ ಮೇಲೆ ಯಾವ ಊರು, ಯಾರ ಪೈಕಿ ಎಂದು ಪರಿಚಯ ಮಾಡಿಸದಿದ್ದರೆ ನಮ್ಮ ಕಡೆ ಅದು ಮರ್ಯಾದೆಯಲ್ಲ. ಸರ್ ಮರ್ಯಾದಸ್ಥರು. ಒಂದೊಂದು ನಂಬರಿನ ಎದುರು ಕಟ್ಟೆಯ ಹೆಸರು, ಊರು ಬರೆದು ಹಾಕಿಬಿಟ್ಟರು. ಎರಿಹುಲಿ, ಮಿಶ್ರಿಕೋಟಿ. ಅದರ ಕೆಳಗೇ ಹಿತ್ತಲದಾಕಿ, ಮಿಶ್ರಿಕೋಟಿ, ಟೈಪಿಂಗ್ ನಮ್ಮಲ್ಲೇ ಕಲಿತವರು.

ಎರಿಹುಲಿಯ ನಂಬರನ್ನು ಎರಡೆರಡು ಸಲ ಓದಿದೆ. ಅದು ನನ್ನ ಮೈದುನನ ನಂಬರು.

ಅವನು ಹೊಲದಿಂದ ಸೀದಾ ಅಡುಗೆಮನೆಗೆ ಬಂದ. ಕೈಯಲ್ಲಿ ಫೋನು. "ವೈನೀ, ಹಿತ್ತಲದಾಕಿ ಅಂದ್ರ ನೀವೇನ್ರಿ?" ಎಂದ. ನಾನು ಒಲೆಯ ಕಡೆ ಮುಖ ತಿರುಗಿಸಿದೆ. ಅವನು ನಡುಮನೆಯಲ್ಲಿ ಅವ್ವನನ್ನು ಕೂಡಿಸಿ ನಾನು ಬರೆದದ್ದನ್ನೆಲ್ಲ ಮೊದಲಿಂದ ಕೊನೆತನಕ ಓದಿ ಹೇಳಿದ. ತನ್ನ ಉತ್ತರ ಬಂದಲ್ಲೆಲ್ಲ ಹಾರಿಸಿದ, ಭಾಡ್ಯಾ! ಮನೆಯ ಮಾನ ಹರಾಜಾಯಿತು ಎಂದು ಎಲ್ಲರಿಗಿಂತ ಹೆಚ್ಚು ಕೂಗಾಡಿದವನೂ ಅವನೇ. ನನಗೆ ಅಣ್ಣನಾಗಿದ್ದವನು.

ನಮ್ಮವರು ನನ್ನ ಫೋನಿನ ಸಿಮ್ ತೆಗೆದು ಕಿಸೆಯಲ್ಲಿ ಹಾಕಿಕೊಂಡರು, ಕೀಬೋರ್ಡನ್ನು ಅಟ್ಟದ ಮೇಲೆ ಇಟ್ಟರು. ನಾಲ್ಕು ಬೈದಿದ್ದರೆ ಚಲೋ ಇತ್ತು. ಅಂದಿನಿಂದ ನಾನು ಹಿತ್ತಲಿಗೆ ಹೋದರೂ ಯಾರಾದರೂ ಒಬ್ಬರು ಹಿಂದೆ ಬರುತ್ತಿದ್ದರು. ಇಷ್ಟು ದಿನ ಮನೆ ಸಣ್ಣದು ಎನಿಸಿರಲಿಲ್ಲ. ಈಗ ಗೋಡೆಗಳು ಮೈಗೆ ತಾಕಿದಂತೆ ಆಗುತ್ತಿತ್ತು. ಹಿಟ್ಟು ನಾದುವಾಗ ಬೆರಳುಗಳು ತಾವೇ ಅಕ್ಷರ ಒತ್ತುತ್ತಿದ್ದವು. ಸರ್ ಮೇಲೆ ಎಷ್ಟು ಸಿಟ್ಟು ಬಂತೆಂದರೆ, ಒಳಗೊಳಗೇ ಹಿಡಿಹಿಡಿ ಶಾಪ ಹಾಕಿದೆ. ಕಟ್ಟೆಗೆ ಕರೆದವರೂ ಅವರೇ, ಸೆರಗು ಎಳೆದವರೂ ಅವರೇ.

ತಿಂಗಳಾಗುವುದರೊಳಗೆ, ಒಂದು ಮಧ್ಯಾಹ್ನ ಸರ್ ನಮ್ಮ ಮನೆಗೆ ಬಂದರು. ಮೈದುನ ಫೋನಿನಲ್ಲಿ ಬೈದದ್ದರಿಂದ ಸುದ್ದಿ ತಿಳಿದು, ಹುಬ್ಬಳ್ಳಿಯಲ್ಲಿ ಬಸ್ಸು ಬದಲಿಸಿ, ಊರಲ್ಲಿ ಕೇಳುತ್ತ ಕೇಳುತ್ತ ಬಂದಿದ್ದರು. ಮೈ ಇಳಿದಿತ್ತು. ನಾನು ಅಡುಗೆಮನೆಯ ಬಾಗಿಲ ಹಿಂದೆ ನಿಂತೆ. ಅತ್ತೆ ನೀರು, ಚಹಾ ಕೊಡಿಸಿದರು. ಮೈದುನ ಕಂಬಕ್ಕೆ ಒರಗಿ ನಿಂತಿದ್ದ. ಸರ್ ಎರಡೂ ಕೈ ತೊಡೆಯ ಮೇಲಿಟ್ಟು ಕೂತಿದ್ದರು. ಅತ್ತೆ ಮಾತಾಡುತ್ತಿದ್ದರೂ ಒಂದು ಬೆರಳೂ ಅಲುಗಲಿಲ್ಲ.

"ಅವ್ವಾರ, ತಪ್ಪು ನಂದು" ಎಂದರು. "ನನ್ನ ನಂಬಿ ಕೊಟ್ಟ ನಂಬರ ನಾ ನಾಲ್ಕ ಮಂದ್ಯಾಗ ಒಗದೆ. ಬಯ್ಯೂದಿದ್ರ ನನಗ ಬಯ್ರಿ."

ಅತ್ತೆ ಚಹಾದ ಕಪ್ಪು ಎತ್ತಿ ಪಕ್ಕಕ್ಕೆ ಇಟ್ಟರು. ಕೊನೆಗೆ, ಆಕೆ ಬರೆದದ್ದು ಸುಳ್ಳೇನಲ್ಲ ಸರ, ಆದರೆ ಊರಿಗೆಲ್ಲ ಹೇಳಬೇಕಾಗಿತ್ತೇನು ಎಂದರು. ಆ ಹೊತ್ತಿನಲ್ಲಿ ಅವರ ಮೇಲೂ ನನಗೆ ಕರುಳು ಚುರ್ ಎಂದಿತು, ಸುಳ್ಳು ಯಾಕೆ ಹೇಳಲಿ.

ಸರ್ ಗ್ರೂಪನ್ನು ಸುದ್ದಿ ತಿಳಿದ ದಿನವೇ ಮುರಿದು ಹಾಕಿದ್ದಾಗಿ ಹೇಳಿದರು. ಮೈದುನ, ಹಾಗಾದರೆ ಆಕೆ ಬರೆದದ್ದನ್ನೂ ಇಲ್ಲೇ, ನಮ್ಮ ಎದುರಿಗೇ ಅಳಿಸಿರಿ ಎಂದ. ಸರ್ ಅವನ ಕಡೆ ನೋಡಲಿಲ್ಲ. ಅಡುಗೆಮನೆಯ ಬಾಗಿಲಿಗೆ ಮುಖ ಮಾಡಿ, "ಬರದವರು ನೀವು. ಅಳಸಲೇನು ತಂಗಿ?" ಎಂದು ಕೇಳಿದರು.

ಆ ಮನೆಯಲ್ಲಿ ಹೊರಗಿನ ಗಂಡಸಿನ ಎದುರು ನಾನು ಅದುವರೆಗೆ ಮಾತಾಡಿದವಳಲ್ಲ. "ಬ್ಯಾಡ್ರಿ ಸರ್. ಇರ್ಲಿ" ಎಂದೆ. ನನ್ನ ದನಿ ನನಗೇ ಗುರುತು ಸಿಗಲಿಲ್ಲ. ಸರ್ ಎದ್ದು ಚಪ್ಪಲಿ ಮೆಟ್ಟಿದರು. ಮೈದುನ ನೆಲಕ್ಕೆ ಕಾಲು ಅಪ್ಪಳಿಸಿ ಹೊರಗೆ ಹೋದ.

ಇದರಿಂದ ಬಾಗಿಲೇನೂ ತೆರೆಯಲಿಲ್ಲ. ನಾಲ್ಕೈದು ತಿಂಗಳ ಮೇಲೆ ಕೀಬೋರ್ಡು ಅಟ್ಟದಿಂದ ಇಳಿಯಿತು, ಅದೂ ಸೊಸೈಟಿಯ ಕಾಗದ ಹೊರಗೆ ಹೊಡೆಸುವುದು ನಮ್ಮವರಿಗೆ ಬೇಸರವಾಗಿ. ಕಂಪ್ಯೂಟರಿನ ಮುಖ ಮಾತ್ರ ನಡುಮನೆಯ ಕಡೆ ತಿರುಗಿಸಿ ಇಟ್ಟರು, ಹೋಗುವ ಬರುವವರಿಗೆ ಕಾಣುವ ಹಾಗೆ. ಅದೇ ವರ್ಷ ಮೈದುನನ ಮದುವೆಯಾಗಿ ಮನೆಗೆ ಇನ್ನೊಬ್ಬ ಸೊಸೆ ಬಂದಳು. ನಾನು ಕಾಗದ ಹೊಡೆಯುವ ನಡುವೆ ಒಂದು ನಿಮಿಷ ಅಗಸಿಕಟ್ಟಿ ತೆರೆದು ನೋಡಿ ಮುಚ್ಚುತ್ತಿದ್ದೆ. ಅಲ್ಲಿ ಸರ್ ಒಬ್ಬರೇ. ಹಳೆಯ ಮಂದಿ ತಮ್ಮ ತಮ್ಮಲ್ಲೇ ಬೇರೆ ಗ್ರೂಪ್ ಮಾಡಿಕೊಂಡು ಶುಭೋದಯದ ಗುಲಾಬಿ ಹೂವು ಕಳಿಸುತ್ತಿದ್ದರಂತೆ. ಮೆಣಸಿನ ಎಲೆ ಮುದುಡಿದೆ ಎಂದು ಅಲ್ಲಿ ಕೇಳಿದರೆ ನಲವತ್ತು ನಮಸ್ಕಾರದ ಕೆಳಗೆ ಪ್ರಶ್ನೆಯೇ ಸಿಗುವುದಿಲ್ಲವಂತೆ. ಸರ್ ದಿನಾ ಒಂದು ಸಾಲು ಬರೆಯುತ್ತಿದ್ದರು. ಕುಂದಗೋಳದಲ್ಲಿ ಇವತ್ತು ಮೋಡ ಆಗಿದೆ. ಇವತ್ತು ಕರೆಂಟಿಲ್ಲ. ನಾನು ಎರಡು ಮೂರು ತಿಂಗಳಿಗೊಮ್ಮೆ ಏನಾದರೂ ಬರೆದರೆ, ಅದರ ಕೆಳಗೆ ಅವರ 'ಓದೇನ್ರಿ'.

ಯಾರೂ ಬಾರದ ಜಾಗವನ್ನು ಯಾಕೆ ಹಿಡಿದು ಕೂತಿರಿ, ಮುಚ್ಚಿಬಿಡಿ ಎಂದು ಅವರ ಮಗ ಎಷ್ಟೋ ಸಲ ಜಗಳ ತೆಗೆದಿದ್ದನಂತೆ. ಅವನದು ಅದೇ ಇನ್‌ಸ್ಟಿಟ್ಯೂಟಿನ ಜಾಗದಲ್ಲಿ ಝೆರಾಕ್ಸ್ ಅಂಗಡಿ. ಮುಚ್ಚಿದರೆ ಒಳಗಿರುವ ಮಂದಿಯ ಮಾತು ಎಲ್ಲಿ ಹೋಗಬೇಕು ಎಂದು ಸರ್ ಕೇಳುತ್ತಿದ್ದರಂತೆ. ಅವರೂ ಅದರಲ್ಲಿ ಸಿಕ್ಕಿಬಿದ್ದಿದ್ದರು ಎಂದು ನನಗೆ ಈಗ ಅನಿಸುತ್ತದೆ. ಬಿಟ್ಟು ಏಳಲು ಅವರ ಜೀವ ಒಪ್ಪಲಿಲ್ಲ.

ಒಂದು ದಿನ ಆ ಸಾಲು ಬರಲಿಲ್ಲ. ಮರುದಿನವೂ ಇಲ್ಲ. ಐದನೆಯ ದಿನ ನಮ್ಮವರ ಫೋನಿಗೆ ಸರ್ ಮಗ ಫೋನು ಮಾಡಿದ. ಸರ್ ತೀರಿಕೊಂಡು, ಮಣ್ಣು ಆಗಿ ಮೂರು ದಿನ ಆಗಿತ್ತು. ನಮ್ಮವರು ಏನೆಂದುಕೊಂಡರೋ, ಫೋನನ್ನು ನನ್ನ ಕೈಗೆ ಕೊಟ್ಟು ಹೊರಗೆ ಹೋದರು. ಕಟ್ಟೆಯ ಪಾಸ್‌ವರ್ಡನ್ನು ನನಗೇ ಕೊಡಬೇಕೆಂದು ಸರ್ ಹೇಳಿದ್ದರಂತೆ. ಯಾಕೆ ಎಂದು ಮಗ ಕೇಳಿದ್ದಕ್ಕೆ ಅವರು ಹೇಳಿದ ಮಾತನ್ನು ಅವನು ಹಾಗೆಯೇ ಹೇಳಿದ: "ಆಕಿಗೆ ಕೊಡು. ನಾ ಮಾಡಿದ ತಪ್ಪು ಆಕಿ ಮಾಡಂಗಿಲ್ಲ." ಕುಂದಗೋಳಕ್ಕೆ ಹೋಗುತ್ತೇನೆ ಎಂದು ಕೇಳುವ ಧೈರ್ಯ ನನಗಿರಲಿಲ್ಲ. ಹಿತ್ತಲಲ್ಲಿ ಪಾತ್ರೆ ತಿಕ್ಕುತ್ತ ಒಬ್ಬಳೇ ಕಣ್ಣೀರು ಹಾಕಿದೆ.

ಕಟ್ಟೆ ಕೈಗೆ ಬಂದ ದಿನ ಮೊದಲು ಮಾಡಿದ ಕೆಲಸ, ಸೇರುವವರು ಫೋನ್ ನಂಬರ್ ಮತ್ತು ಊರು ಬರೆಯುವ ಜಾಗ ತೆಗೆದುಹಾಕಿದ್ದು. ಆಮೇಲೆ ಸರ್ ಹಾಗೆ ದಿನಕ್ಕೊಂದು ಸಾಲು ಬರೆಯತೊಡಗಿದೆ. ವರ್ಷ ಯಾರೂ ಬರಲಿಲ್ಲ. ನಂತರ ಒಬ್ಬಳು ಬಂದಳು, ಹೊಲಿಗೆ ಕಲಿಯುವಾಕೆ. ನಂಬರು ಕಾಣಿಸದ ಜಾಗ ಇದೆಯಂತೆ ಎಂದು ಬಾಯಿಂದ ಬಾಯಿಗೆ ಹೋಗಿರಬೇಕು. ಈಗ ಹದಿನೈದಿಪ್ಪತ್ತು ಮಂದಿ ಇದ್ದಾರೆ, ಬಹಳ ಮಾಡಿ ಹೆಣ್ಣುಮಕ್ಕಳು. ಇದನ್ನು ಜೀರ್ಣೋದ್ಧಾರ ಎನ್ನಲು ಬರುವುದಿಲ್ಲ. ಕಸ ಹೊಡೆದಿದ್ದೇನೆ, ಅಷ್ಟೆ. ಕಾಯುವವರು ಯಾರು ಎಂದು ಅವರಿಗೂ ಗೊತ್ತಿಲ್ಲ.

ಹೋದ ವಾರ ಒಬ್ಬಳು ಹೊಸಬಳು ಬಂದಳು. ಅಂಗನವಾಡಿ ಕೆಲಸಕ್ಕೆ ಅರ್ಜಿ ತುಂಬಿ ಇಟ್ಟಿದ್ದೆ, ನಮ್ಮ ಮನೆಯವರು ಮುಂಜಾನೆ ಅದನ್ನು ನೀರೊಲೆಗೆ ಹಾಕಿದರು ಎಂದು ಬರೆದಿದ್ದಳು. ಕೊನೆಯ ಸಾಲು ಹೀಗಿತ್ತು: "ಮನ್ಯಾಗ ಎಲ್ಲಾರೂ ನೋಡಿದ್ರು. ಯಾರೂ ಏನೂ ಅನ್ಲಿಲ್ಲ."

ಆ ಮುಂಜಾನೆ ನೀರೊಲೆಯ ಮುಂದೆ ಕೂತು ಕಟ್ಟಿಗೆ ಸರಿಸುತ್ತಿದ್ದವಳು ನಾನು. ಅರ್ಜಿ ಒಳಗೆ ತುರುಕಿದವನು ಮೈದುನ. ಬರೆದವಳು ಅವನ ಹೆಂಡತಿ, ನನ್ನ ನೆಗೆಣ್ಣಿ. ಒಂದೇ ಮನೆಯಲ್ಲಿ, ಒಂದೇ ಒಲೆಯ ಮುಂದೆ ಒಂಬತ್ತು ವರ್ಷ ರೊಟ್ಟಿ ಮಾಡಿದ್ದೇವೆ. ಆಕೆ ನನಗೆ ಹೇಳಲಿಲ್ಲ, ಗುರುತಿಲ್ಲದ ಮಂದಿಗೆ ಹೇಳಿದಳು. ಹೇಳಬೇಕೆನಿಸುವಂತೆ ನಾನೇನು ಮಾಡಿದ್ದೆ?

ನೀನು ಯಾರೆಂದು ಗೊತ್ತಾಯಿತು ಎಂದು ಅಲ್ಲಿ ಒಂದಕ್ಷರ ಬರೆದರೆ ಆಕೆ ಮತ್ತೆಂದೂ ಬರುವುದಿಲ್ಲ. ಬರೆಯಲಿಲ್ಲ. ಎಲ್ಲರ ಹಾಗೆ ಓದಿದ್ದೇನೆ ಎಂದಷ್ಟೇ ಬರೆದು ಪರದೆ ಮುಚ್ಚಿದೆ. ಆದರೆ ನೀರೊಲೆಯ ಮುಂದೆ ನಾನು ಕಣ್ಣಾರೆ ನೋಡಿದ್ದು ಕಟ್ಟೆಯ ಗುಟ್ಟಲ್ಲವಲ್ಲ.

ಸಂಜೆ ಮೈದುನ ಹೊಲದಿಂದ ಬಂದು ನಡುಮನೆಯಲ್ಲಿ ಕೂತ. ನಮ್ಮವರೂ ಇದ್ದರು, ಅತ್ತೆಯೂ ಇದ್ದರು. ಅಡುಗೆಮನೆಯಲ್ಲಿ ನೆಗೆಣ್ಣಿ ರೊಟ್ಟಿ ಬಡಿಯುತ್ತಿದ್ದಳು. ನಾನು ಕಂಪ್ಯೂಟರಿನ ಮುಂದಿನಿಂದ ಎದ್ದು ಅವನ ಎದುರಿಗೆ ಹೋಗಿ ನಿಂತೆ.

"ಮುಂಜಾನೆ ನೀ ಆಕಿ ಅರ್ಜಿ ಒಲಿಗೆ ಹಾಕಿದ್ದು ನಾ ನೋಡೇನಿ" ಎಂದೆ. "ನಾಳೆ ಇನ್ನೊಂದ ಅರ್ಜಿ ನಾ ತುಂಬತೇನಿ."

ಒಳಗೆ ರೊಟ್ಟಿಯ ಸಪ್ಪಳ ನಿಂತಿತು.