ಬಲಗೈ ಕಾಣದ ಭಾನುವಾರಗಳು

ಅಮೆರಿಕದ ಸಿಯಾಟಲ್ ಪಕ್ಕದ ಕೆನ್ಮೋರ್ ಎಂಬ ಊರಿನ ನಮ್ಮ ಮನೆಯ ಅಡುಗೆಮನೆಯಲ್ಲಿ, ಫ್ರಿಜ್ಜಿನ ಪಕ್ಕದ ಗೋಡೆಗೆ, ಮೈಸೂರಿನಿಂದ ನನ್ನ ತಮ್ಮ ಪ್ರತಿವರ್ಷ ಕಳಿಸುವ ಕ್ಯಾಲೆಂಡರ್ ತೂಗುಹಾಕಿರುತ್ತೇನೆ. ಅದರ ರಾಹುಕಾಲ, ಗುಳಿಕಕಾಲಗಳೆಲ್ಲ ಅಲ್ಲಿಯ ಗಂಟೆಯವು, ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ. ನನಗೆ ಬೇಕಾದದ್ದು ತಾರೀಕಿನ ಚೌಕಗಳಲ್ಲಿ ಉಳಿಯುವ ಖಾಲಿ ಜಾಗ. ದೋಸೆಗೆ ನೆನೆಹಾಕಿದ್ದು, ಹಲ್ಲಿನ ಡಾಕ್ಟರನ್ನು ನೋಡಬೇಕಾದ ದಿನ, ಯಾರು ಫೋನ್ ಮಾಡಿದರು, ಏನೆಂದರು, ಎಲ್ಲವನ್ನೂ ಪೆನ್ಸಿಲಿನಲ್ಲಿ ಎರಡೆರಡು ಪದ ಗೀಚಿಡುತ್ತೇನೆ. ಆ ವರ್ಷದ ಮೇ ತಿಂಗಳ ಮೊದಲ ಭಾನುವಾರದ ಚೌಕದಲ್ಲಿ ಒಂದೇ ಪದವಿದೆ: ಎಡಗೈ.

ನಮ್ಮ ಒಬ್ಬಳೇ ಮಗಳು ಆಗ ಸಿಯಾಟಲ್‌ನಲ್ಲಿ ಕಾಲೇಜಿನ ಮೂರನೆಯ ವರ್ಷದಲ್ಲಿದ್ದಳು. ಕಟ್ಟಡಗಳ ವಿನ್ಯಾಸ ಓದುವವಳು ಹಳೆಯ ಕಟ್ಟಡಗಳನ್ನು ಕಣ್ಣಾರೆ ನೋಡಬೇಕು, ಅಲ್ಲಿಯ ಭಾಷೆಯನ್ನೂ ಕಲಿಯಬೇಕು ಎಂದು ಮಾರ್ಚ್ ಕೊನೆಗೆ ಹತ್ತು ವಾರಗಳ ಮಟ್ಟಿಗೆ ಇಟಲಿಯ ಬೊಲೋನ್ಯಾಕ್ಕೆ ಹೋದಳು. ಅರವತ್ತು ದಾಟಿದ ಒಬ್ಬ ವಿಧವೆಯ ಮನೆಯಲ್ಲಿ ಒಂದು ಕೋಣೆ, ಎರಡು ಹೊತ್ತಿನ ಊಟ. ನನ್ನ ಯಜಮಾನರು ಹುಬ್ಬಳ್ಳಿಯವರು. ರೆಡ್ಮಂಡ್‌ನಲ್ಲಿ ಇಪ್ಪತ್ತು ವರ್ಷ ದುಡಿದರೂ ಅವರ ಮಾತು ಹುಬ್ಬಳ್ಳಿಯಲ್ಲೇ ಇದೆ. "ಇಟಾಲಿಯನ್ ಕಲ್ತು ಏನ್ ಮಾಡ್ತಾಳ, ಪಿಜ್ಜಾ ಆರ್ಡರ್ ಮಾಡ್ತಾಳೇನು?" ಎಂದು ಒಂದು ಸಲ ನಕ್ಕು ಫೀಸಿನ ಚೆಕ್ಕಿಗೆ ಸಹಿ ಹಾಕಿಕೊಟ್ಟರು.

ಭಾನುವಾರ ನಮಗೆ ಬೆಳಗಿನ ಹತ್ತು ಗಂಟೆ, ಅವಳಿಗೆ ಸಂಜೆ ಏಳು. ಆಗ ವಿಡಿಯೋ ಕಾಲ್. ಎರಡನೆಯ ವಾರಕ್ಕೇ ನನ್ನ ಮನಸ್ಸಿನಲ್ಲಿ ಏನೋ ಕಸಿವಿಸಿ. ನನ್ನೊಡನೆ ಮಾತಾಡುತ್ತಾ ಆಡುತ್ತಾ ಅವಳು ಮುಖ ಪಕ್ಕಕ್ಕೆ ತಿರುಗಿಸಿ ಆ ಮನೆಯಾಕೆಗೆ ಇಟಾಲಿಯನ್‌ನಲ್ಲಿ ಏನೋ ಹೇಳುವಳು, ಆಕೆ ಏನೋ ಅನ್ನುವಳು, ಇಬ್ಬರೂ ನಗುವರು. ಏನಂದೆ ಅಂತ ಕೇಳಿದರೆ ಏನಿಲ್ಲಮ್ಮ, ಊಟದ ವಿಷಯ.

ಈ ಆಟ ನನಗೆ ಗೊತ್ತಿತ್ತು. ನಾವೇ ಆಡಿದ್ದು. ಮಗಳಿಗೆ ಕನ್ನಡ ಚೆನ್ನಾಗಿ ಅರ್ಥವಾಗುತ್ತಿತ್ತು, ಉತ್ತರ ಕೊಡುವುದು ಮಾತ್ರ ಇಂಗ್ಲಿಷಿನಲ್ಲಿ. ಹಾಗಾಗಿ ಅವಳ ಎದುರಿಗೆ ಅವಳಿಗೆ ತಿಳಿಯಬಾರದ ಮಾತಾಡಲು ನಮಗೆ ಎರಡೂ ಭಾಷೆ ಆಗುತ್ತಿರಲಿಲ್ಲ. ಪಕ್ಕದ ಮನೆಯ ಗುಂಟೂರಿನ ಹೆಂಗಸಿನಿಂದ ನಾನು, ಆಫೀಸಿನವರಿಂದ ಇವರು, ಅಷ್ಟಿಷ್ಟು ತೆಲುಗು ಕಲಿತಿದ್ದೆವು. ಮುಚ್ಚಿಡಬೇಕಾದದ್ದೆಲ್ಲ ಆ ಹರಕು ತೆಲುಗಿನಲ್ಲಿ. ಅದರಲ್ಲಿ ಹೆಚ್ಚು ಬಳಕೆಯಾದ ಪದ "ತರ್ವಾತ". ಆಮೇಲೆ ಹೇಳೋಣ ಅಂತ. ಅವಳ ತಾತ, ಅಂದರೆ ನನ್ನ ತಂದೆ, ತೀರಿಕೊಂಡಾಗ ಅವಳಿಗೆ ಹೈಸ್ಕೂಲಿನ ಕೊನೆಯ ಪರೀಕ್ಷೆಗಳು ನಡೆದಿದ್ದವು. ಒಂಬತ್ತು ದಿನ ನಾವು ತೆಲುಗಿನಲ್ಲಿ ಅತ್ತೆವು ಅಂದರೂ ತಪ್ಪಿಲ್ಲ. ನಮ್ಮ ಕಡೆ ಎಲ್ಲರೂ ಹಾಗೇ ಮಾಡುವುದು. ಪರೀಕ್ಷೆ ಇರುವವರಿಗೆ, ದೂರದಲ್ಲಿರುವವರಿಗೆ ಕೆಟ್ಟ ಸುದ್ದಿ ತಡವಾಗಿಯೇ ತಲುಪುತ್ತದೆ. ಹತ್ತನೆಯ ದಿನ ಹೇಳಿದಾಗ ಅವಳು ಒಂದು ಮಾತೂ ಆಡದೆ ತನ್ನ ಕೋಣೆಗೆ ಹೋದಳು. ಬುದ್ಧಿವಂತೆ, ಅರ್ಥ ಮಾಡಿಕೊಂಡಳು ಎಂದುಕೊಂಡೆ.

ಹೀಗೆ ಮುಚ್ಚಿಟ್ಟು ಅಭ್ಯಾಸವಿದ್ದವಳಿಗೆ ಇನ್ನೊಬ್ಬರು ಮುಚ್ಚಿಡುವುದು ಬೇಗ ವಾಸನೆ ಹೊಡೆಯುತ್ತದೆ. ಏಪ್ರಿಲ್ ಎರಡನೆಯ ವಾರ ನಮ್ಮೂರ ಲೈಬ್ರರಿಯ ಬೋರ್ಡಿನಲ್ಲಿ ಉಚಿತ ಇಟಾಲಿಯನ್ ಪಾಠದ ಚೀಟಿ ಕಂಡಿತು. ಮಂಗಳವಾರ, ಗುರುವಾರ, ಬೆಳಿಗ್ಗೆ ಹನ್ನೊಂದಕ್ಕೆ. ಹೆಸರು ಕೊಟ್ಟೆ. ಮನೆಯಲ್ಲಿ ಯಾರಿಗೂ ಹೇಳಲಿಲ್ಲ.

ಪಾಠ ಹೇಳುತ್ತಿದ್ದವರು ಮರ್ಸರ್ ಐಲ್ಯಾಂಡ್‌ನಿಂದ ಕಾರು ಓಡಿಸಿಕೊಂಡು ಬರುತ್ತಿದ್ದ ನಿವೃತ್ತ ಮೇಷ್ಟ್ರು. ಆರು ಜನ ವಿದ್ಯಾರ್ಥಿಗಳು, ಐವರಿಗೆ ಇಟಲಿ ಪ್ರವಾಸದ ಟಿಕೆಟ್ ಆಗಿತ್ತು. ನೀವು ಯಾಕೆ ಕಲಿಯುತ್ತೀರಿ ಎಂದು ಕೇಳಿದಾಗ ನಾನು ಅಡುಗೆಗೆ ಅಂದೆ. ಅವರ "ತ", "ದ"ಗಳು ನಮ್ಮವೇ. ಬೇರೆಯವರ ನಾಲಿಗೆ ಹೊರಳದೆ ಒದ್ದಾಡುವಾಗ ನಾನು ಸಲೀಸಾಗಿ ಹೇಳುತ್ತಿದ್ದೆ. ಪದಗಳೂ ನಮ್ಮ ಪದಗಳ ಹಾಗೆ ಕೊನೆಗೆ ಸ್ವರ ಬಂದು ಬಾಯಿ ತೆರೆದೇ ಇರುತ್ತವೆ. ಎಲ್ಲವನ್ನೂ ಕನ್ನಡ ಅಕ್ಷರದಲ್ಲಿ ಬರೆದುಕೊಂಡೆ. ಮೇಷ್ಟ್ರು ನನ್ನ ನೋಟ್‌ಬುಕ್ಕನ್ನು ತಿರುಗಿಸಿ ಮುರುಗಿಸಿ ನೋಡಿ, ಇದು ಬಹಳ ಚೆಂದದ ಗುಟ್ಟು ಎಂದರು. ಸರಿಯಾಗಿಯೇ ಹೇಳಿದರು.

ಅದೇ ಏಪ್ರಿಲ್‌ನ ಮೂರನೆಯ ವಾರ ಮೈಸೂರಿನಲ್ಲಿ ತಮ್ಮನ ಮನೆಯಲ್ಲಿದ್ದ ನನ್ನ ಅಮ್ಮನಿಗೆ ಲಕ್ವ ಹೊಡೆಯಿತು. ಪ್ರಾಣಕ್ಕೆ ಅಪಾಯವಿಲ್ಲ ಎಂದರು. ಮಾತು ಹೋಯಿತು. ನಾನು ಹೊರಡುತ್ತೇನೆ ಅಂದದ್ದಕ್ಕೆ ತಮ್ಮ, ಈಗ ಬೇಡ, ಜೂನ್‌ನಲ್ಲಿ ಬಾ, ನಿಧಾನವಾಗಿ ಇರಬಹುದು ಎಂದ. ಮಗಳು ಪ್ರತಿ ಭಾನುವಾರ ಮರೆಯದೆ ಕೇಳುತ್ತಿದ್ದಳು, ಅಜ್ಜಿ ಹೇಗಿದ್ದಾರೆ. ನಾನು ಚೆನ್ನಾಗಿದ್ದಾರೆ, ನಿನ್ನನ್ನು ಕೇಳಿದರು ಅನ್ನುತ್ತಿದ್ದೆ. ಅವಳಿಗೆ ಜೂನ್ ಮೊದಲ ವಾರ ಪರೀಕ್ಷೆಯಿತ್ತಲ್ಲ.

ಆಮೇಲೆ ಬಂದದ್ದು ಎಡಗೈ ಭಾನುವಾರ.

ಅವಳು ಫೋನನ್ನು ಎಲ್ಲಿಯೋ ಒರಗಿಸಿಟ್ಟು ಏನೋ ತಿನ್ನುತ್ತಿದ್ದಳು, ಫೋರ್ಕ್ ಎಡಗೈಯಲ್ಲಿತ್ತು. ಎಡಗೈಯಲ್ಲಿ ತುತ್ತೆತ್ತಿದರೆ, ಹುಬ್ಬಳ್ಳಿಯಿಂದ ಬಂದಿರುತ್ತಿದ್ದ ನನ್ನ ಅತ್ತೆ ತಟ್ಟೆಯನ್ನೇ ಎಳೆದುಕೊಳ್ಳುತ್ತಿದ್ದ ಮನೆಯಲ್ಲಿ ಬೆಳೆದ ಹುಡುಗಿ. ಯಾಕೆ ಹಾಗೆ ಅಂದೆ. ಇಲ್ಲಿ ಎಲ್ಲರೂ ಹೀಗೇ ಅಮ್ಮಾ, ಫೋರ್ಕ್ ಎಡಗೈಯಲ್ಲೇ ಎಂದಳು. ನಿಜವಿರಬಹುದು. ಆದರೆ ಹಾಗಾದರೆ ಬಲಗೈಯಲ್ಲಿ ಚಾಕು ಇರಬೇಕಲ್ಲ. ಬಲಗೈ ಮೇಜಿನ ಕೆಳಗಿತ್ತು.

ಮುಂದಿನ ವಾರ ಜಡೆ. ನಮ್ಮ ಮಗಳಿಗೆ ಇಪ್ಪತ್ತು ವರ್ಷವಾದರೂ ಜಡೆ ಹೆಣೆಯಲು ಬರುವುದಿಲ್ಲ, ನಾನು ಹೆಣೆದರೆ ಉಂಟು, ಇಲ್ಲವಾದರೆ ಬಿಟ್ಟ ಕೂದಲು. ಅಂದು ಬಿಗಿಯಾಗಿ, ಒಂದು ಎಳೆ ಆಚೀಚೆ ಹೋಗದ ಹಾಗೆ ಯಾರೋ ಹೆಣೆದಿದ್ದರು. ಕೇಳಿದರೆ ಕ್ಲಾಸಿನ ಹುಡುಗಿ ಹೆಣೆದಳಂತೆ. ಭಾನುವಾರ ಯಾವ ಕ್ಲಾಸು? ಕೇಳಲಿಲ್ಲ. ಚೌಕದಲ್ಲಿ ಬರೆದೆ. ಅದರ ಮುಂದಿನ ವಾರ ಕ್ಯಾಮೆರಾಕ್ಕೆ ಕಾಣದ ಕಡೆಯಿಂದ ಒಂದು ಗಂಡಸಿನ ದನಿ ಅವಳ ಹೆಸರು ಹಿಡಿದು ಕರೆಯಿತು. ಅವಳು ತಕ್ಷಣ ಟಿವಿ ಎಂದಳು. ಟಿವಿಯವರಿಗೆ ಇವಳ ಹೆಸರು ಹೇಗೆ ಗೊತ್ತು?

ಎಡಗೈ, ಜಡೆ, ಗಂಡಸಿನ ದನಿ. ಈ ಮೂರನ್ನೂ ಪಾತ್ರೆ ತೊಳೆಯುವಾಗ, ಬಟ್ಟೆ ಮಡಿಸುವಾಗ ಒಂದರ ಪಕ್ಕ ಒಂದಿಟ್ಟು ನೋಡುತ್ತಿದ್ದೆ. ಬಲಗೈಯ ಬೆರಳಿನಲ್ಲಿ ಉಂಗುರವಿದೆ ಎಂದು ಒಂದು ದಿನ ತೀರ್ಮಾನಕ್ಕೆ ಬಂದೆ. ಅದಕ್ಕೇ ಆ ಕೈ ತೋರಿಸುತ್ತಿಲ್ಲ. ಜೂನ್‌ನಲ್ಲಿ ಬರುವುದಿಲ್ಲ, ಓದು ಅಲ್ಲಿಗೇ ನಿಲ್ಲುತ್ತದೆ, ನಮಗೆ ಹೇಳುವುದು ಎಲ್ಲ ಮುಗಿದ ಮೇಲೆ. ಇಷ್ಟು ಸಾಗಿಬಿಟ್ಟಿತ್ತು ನನ್ನ ತಲೆ.

ಇತ್ತ ಇವರಿಗೆ ನನ್ನ ಮೇಲೆ ಅನುಮಾನ. ಕ್ಯಾಲೆಂಡರಿನ ಮಂಗಳವಾರ, ಗುರುವಾರಗಳಿಗೆ ಬರೀ ಸೊನ್ನೆ ಸುತ್ತಿರುವುದನ್ನು ಅವರು ನೋಡಿದ್ದಾರೆ. ಒಲೆಯ ಮುಂದೆ ನಾನು ಗೊಣಗುವುದನ್ನು ಕೇಳಿಸಿಕೊಂಡಿದ್ದಾರೆ.

"ಹನ್ನೊಂದಕ್ಕ ಎಲ್ಲಿ ಹೋಗ್ತಿ ನೀ?"

"ಲೈಬ್ರರಿಗೆ."

"ಲೈಬ್ರರಿಯೊಳಗ ಏನದ?"

"ಪುಸ್ತಕ ಇರತ್ತೆ ರೀ."

ಅವರು ನಂಬಲಿಲ್ಲ. ಎರಡು ದಿನ ಬಿಟ್ಟು ಸಾರಿನ ಪುಡಿಯ ಡಬ್ಬದ ಹಿಂದೆ ನನ್ನ ನೋಟ್‌ಬುಕ್ ಸಿಕ್ಕಿತು. ಓದಿ ಓದಿ, ಇದೇನು ಮಂತ್ರವೇ ಎಂದರು. ಹೇಳಲೇಬೇಕಾಯಿತು. ಎಡಗೈಯಿಂದ ಹಿಡಿದು ಉಂಗುರದವರೆಗೆ ಎಲ್ಲ ಹೇಳಿದೆ. ಅವರು ನಗಲಿಲ್ಲ, ಅದರಿಂದಲೇ ನನಗೆ ಹೆಚ್ಚು ಹೆದರಿಕೆಯಾಯಿತು.

"ಮಗಳ ಮ್ಯಾಲೆ ಸಿಐಡಿ ಕೆಲಸ ಮಾಡ್ಲಿಕ್ಕೆ ಒಂದು ಭಾಷಾನ ಕಲೀತೀಯಲ್ಲ, ಸೀದಾ ಕೇಳಬಾರದೇನು?"

"ಕೇಳಿದ್ರೆ ಹೇಳ್ತಾಳಾ? ನಾವು ಹೇಳಿದ್ವಾ?"

ಅವರು ಕೈಯಲ್ಲಿದ್ದ ನೋಟ್‌ಬುಕ್ಕನ್ನು ಡಬ್ಬದ ಹಿಂದೆಯೇ ಇಟ್ಟರು.

ಮೇ ಕೊನೆಯ ಭಾನುವಾರ. ಮಾತು ಮುಗಿಯುವ ಹೊತ್ತಿಗೆ ಮನೆಯಾಕೆ ಹಿಂದಿನಿಂದ ಬಂದು ಮಗಳಿಗೆ ಏನೋ ಕೇಳಿದಳು. ಮಗಳು ತಿರುಗಿ, ನನ್ನ ಎದುರಿಗೇ, ನನಗೇನು ತಿಳಿದೀತು ಎಂಬ ಧೈರ್ಯದಲ್ಲಿ, ನಿಧಾನವಾಗಿ ಹೇಳಿದಳು: "ಮಿಯಾ ಮಾದ್ರೆ ನೋನ್ ಲೋ ಸಾ. ದೋಪೋ ಲೆಸಾಮೆ."

ಹದಿಮೂರು ಪಾಠಕ್ಕೆ ಇಷ್ಟು ಸಾಕಿತ್ತು. ನನ್ನ ಅಮ್ಮನಿಗೆ ಗೊತ್ತಿಲ್ಲ. ಪರೀಕ್ಷೆ ಆದಮೇಲೆ.

ನನ್ನ ಮುಖ ಕದಲದ ಹಾಗೆ ನೋಡಿಕೊಂಡೆ. ಬಿಸಿನೀರು ಕುಡಿ, ರಾತ್ರಿ ಬೇಗ ಮಲಗು ಎಂದು ಫೋನ್ ಇಟ್ಟೆ. ಹುಳಿ ತಳ ಹಿಡಿದು ವಾಸನೆ ಬಂದಾಗಲೇ ನಾನು ಕುರ್ಚಿಯಿಂದ ಎದ್ದದ್ದು. ಏನೋ ಇದೆ ಎಂಬುದು ಇನ್ನು ಅನುಮಾನವಲ್ಲ. ಏನು ಎನ್ನುವುದಷ್ಟೇ ಉಳಿದಿತ್ತು. ಅದು ಕೈಮೀರಿದ್ದೋ ಇಲ್ಲವೋ ಎಂದು ತಿಳಿಯಲು ನಾನು ಒಂದು ವಾರ ಕಾಯಬೇಕಿತ್ತು, ಏಕೆಂದರೆ ನಡುವೆ ಫೋನ್ ಮಾಡಿದರೆ ಅವಳು ಎಚ್ಚರವಾಗುತ್ತಾಳೆ. ಹೀಗೆಲ್ಲ ಯೋಚಿಸುವ ತಾಯಿ ನಾನಾಗುತ್ತೇನೆ ಎಂದು ಮೊದಲು ಯಾರಾದರೂ ಹೇಳಿದ್ದರೆ ಒಪ್ಪುತ್ತಿರಲಿಲ್ಲ.

ಮಂಗಳವಾರ ಪಾಠ ಮುಗಿದ ಮೇಲೆ ಮೇಷ್ಟ್ರ ಬಳಿ ಒಂದು ವಾಕ್ಯ ಕೇಳಿ ಬರೆದುಕೊಂಡೆ. ಇದು ಯಾವ ಅಡುಗೆಗೆ ಬೇಕು ಎಂದು ಅವರು ಕೇಳಿದರು. ನಾನು ನೋಟ್‌ಬುಕ್ ಮುಚ್ಚಿ ಚೀಲಕ್ಕೆ ಹಾಕಿಕೊಂಡೆ. ಐದು ದಿನ ಅದನ್ನು ಬಾಯಿಪಾಠ ಮಾಡಿದೆ, ಚಿಕ್ಕಂದಿನಲ್ಲಿ ಮಗ್ಗಿ ಕಲಿತ ಹಾಗೆ.

ಜೂನ್ ಮೊದಲ ಭಾನುವಾರ ಇವರೂ ನನ್ನ ಹಿಂದೆ ಬಂದು ನಿಂತರು. ಮಗಳ ಪರೀಕ್ಷೆ ಗುರುವಾರ ಎಂದು ಗೊತ್ತಾಯಿತು. ಎಲ್ಲ ಓದಿದ್ದೇನೆ, ಮೌಖಿಕ ಪರೀಕ್ಷೆ, ಬರೆಯುವುದೇನಿಲ್ಲ ಎಂದಳು. ಅಜ್ಜಿ ಹೇಗಿದ್ದಾರೆ ಅಂದಳು. ಚೆನ್ನಾಗಿದ್ದಾರೆ, ನಿನ್ನನ್ನು ಕೇಳಿದರು ಅಂದೆ. ಕೊನೆಗೆ ಮನೆಯಾಕೆ ವಾಡಿಕೆಯಂತೆ ಬಗ್ಗಿ ಕೈ ಬೀಸಿದಳು. ನಾನು ಆಕೆಯನ್ನೇ ನೋಡುತ್ತಾ ಹೇಳಿದೆ:

"ಸಿನ್ಯೋರಾ, ಪೆರ್ ಫವೋರೆ, ಮಿ ಫಾಚ್ಚಾ ವೆದೇರೆ ಲಾ ಮಾನೋ ದೇಸ್ತ್ರಾ ದಿ ಮಿಯಾ ಫಿಲ್ಯಾ." ದಯವಿಟ್ಟು ನನ್ನ ಮಗಳ ಬಲಗೈ ತೋರಿಸಿ.

ಮಗಳ ಬಾಯಿ ತೆರೆದದ್ದು ಹಾಗೇ ನಿಂತಿತು. ಆಕೆ ಮಗಳನ್ನು ನೋಡಿದಳು, ನನ್ನನ್ನು ನೋಡಿದಳು. ನನ್ನ ವಯಸ್ಸಿಗಿಂತ ಹತ್ತು ವರ್ಷ ಹೆಚ್ಚಿನವಳು, ಆಕೆಗೂ ಮಕ್ಕಳಿರಬೇಕು. ಮೇಜಿನ ಕೆಳಗಿಂದ ಆ ಕೈಯನ್ನು ಮೊಣಕೈ ಹಿಡಿದು ಮೆಲ್ಲಗೆ ಎತ್ತಿದಳು.

ಬೆರಳಿನ ಗೆಣ್ಣಿನಿಂದ ಮೊಣಕೈವರೆಗೆ ಬ್ಯಾಂಡೇಜು, ಗಟ್ಟಿ ಪ್ಲಾಸ್ಟರಿನದು. ಅದರ ಮೇಲೆಲ್ಲ ಶಾಯಿಯಲ್ಲಿ ಸೊಟ್ಟಸೊಟ್ಟ ಕಮಾನುಗಳ ಚಿತ್ರ, ಎಡಗೈಯಲ್ಲಿ ಬಿಡಿಸಿದ್ದು. ಏಪ್ರಿಲ್ ಕೊನೆಗೆ ಮಳೆಯ ದಿನ ಸೈಕಲ್ ಜಾರಿ ಮಣಿಕಟ್ಟು ಮುರಿದಿತ್ತು. ಆಸ್ಪತ್ರೆಗೆ ಕರೆದೊಯ್ದದ್ದು, ಪ್ರತಿ ತಪಾಸಣೆಗೆ ಕಾರಿನಲ್ಲಿ ಕೂರಿಸಿಕೊಂಡು ಹೋದದ್ದು ಮನೆಯಾಕೆಯ ತಮ್ಮ. ಆತನೂ ಬಂದು ಮುಖ ತೋರಿಸಿದ, ಬೋಳುತಲೆಯ ಮುದುಕ, ನನಗೆ ನಾಚಿಕೆಯಾಯಿತು. ಜಡೆ ಹೆಣೆದದ್ದು ಮನೆಯಾಕೆ.

ಯಾಕೆ ಹೇಳಲಿಲ್ಲ ಎಂದು ನಾನು ಕೇಳಿದೆ. ದನಿ ಜೋರಾಗಿತ್ತು. ಮನೆಯಾಕೆಗೆ ಒಂದಿಷ್ಟು ಇಂಗ್ಲಿಷ್ ಬರುತ್ತಿತ್ತು, ಇಟಾಲಿಯನ್ ಅಂತೂ ಆಕೆಯದೇ. ಆಕೆಗೆ ತಿಳಿಯದ ಭಾಷೆ ಮಗಳ ಬಳಿ ಒಂದೇ ಇತ್ತು. ಅವಳು ಅದರಲ್ಲೇ ಹೇಳಿದಳು, ತಡವರಿಸಿಕೊಂಡು.

"ತಾತ ಹೋದಾಗ ನೀನು ಒಂಬತ್ತು ದಿನ ಹೇಳ್ಲಿಲ್ಲ ಅಮ್ಮಾ. ಇದು ಬರೀ ಕೈ."

ಹೈಸ್ಕೂಲಿನಿಂದ ಇದನ್ನು ಒಂದು ಮಾತೂ ಆಡದೆ ಮನಸ್ಸಿನಲ್ಲಿ ಇಟ್ಟುಕೊಂಡಿದ್ದಳು. ಅರ್ಥ ಮಾಡಿಕೊಂಡಳು ಎಂದು ನಾನು ಆವತ್ತು ಅಂದುಕೊಂಡಿದ್ದೆ. ಈಗ ಅವಳು ನನ್ನನ್ನು ನೋಡುತ್ತಿದ್ದ ರೀತಿ ನನಗೆ ಚೆನ್ನಾಗಿ ಪರಿಚಯದ್ದು. ಒಂದು ತಿಂಗಳಿಂದ ನಾನು ಅವಳನ್ನು ಅದೇ ಅನುಮಾನದಲ್ಲಿ ನೋಡುತ್ತಿದ್ದೆ. ಗುರುವಾರ ಕಳೆದು, ಅವಳು ಮನೆಗೆ ಬಂದು, ಸೂಟ್‌ಕೇಸ್ ಬಿಚ್ಚಿದ ಮೇಲೆ ಅಜ್ಜಿಯ ವಿಷಯ ಹೇಳಿದರೆ, ಇನ್ನು ಮುಂದೆ ನಾನು ಹೇಳುವ ಯಾವ "ಚೆನ್ನಾಗಿದ್ದಾರೆ"ಯನ್ನೂ ಅವಳು ನಂಬುವುದಿಲ್ಲ.

"ಮರಿ, ಅಜ್ಜಿಗೆ ಹುಷಾರಿಲ್ಲ," ಅಂದೆ.

ನನ್ನ ಹಿಂದಿನಿಂದ ಇವರು ಗಾಬರಿಯಲ್ಲಿ, ತರ್ವಾತ, ತರ್ವಾತ ಎಂದು ಪಿಸುಗುಟ್ಟಿದರು.

"ಅಪ್ಪಾ, ಆ ವರ್ಡ್ ನಂಗೆ ಐದು ವರ್ಷದವಳಿದ್ದಾಗಿಂದ ಗೊತ್ತು," ಎಂದಳು ಮಗಳು. ಮತ್ತೆ ನನ್ನ ಕಡೆ ತಿರುಗಿ, "ಯಾವಾಗಿಂದ?"

"ಏಪ್ರಿಲ್."

"ಮಾತಾಡ್ತಾರಾ?"

"ಇಲ್ಲ ಕಣೇ."

ನಿನ್ನನ್ನು ಕೇಳಿದರು ಎಂದು ನಾನು ಪ್ರತಿ ವಾರ ಹೇಳಿದ್ದು ಅವಳಿಗೂ ನೆನಪಾಯಿತು, ನನಗೂ. ಮನೆಯಾಕೆ ಮೆಲ್ಲಗೆ ಏನಾಯಿತು ಎಂದು ಕೇಳಿದಳು. ಮಗಳು ಇಟಾಲಿಯನ್‌ನಲ್ಲಿ ಹೇಳಿದಳು, ನನ್ನ ಕಡೆಯಿಂದ ಮುಖ ತಿರುಗಿಸದೆ. ಆಕೆ ಒಂದು ಕುರ್ಚಿ ಎಳೆದುಕೊಂಡು ಅವಳ ಪಕ್ಕ ಕುಳಿತಳು.

ಮಗಳು ಕೇಳಿದಳು, ಕ್ಯಾಲೆಂಡರ್‌ನಲ್ಲಿ ಬರೆದಿದೀಯಾ ಅಂತ. ಅವಳಿಗೆ ಕನ್ನಡ ಓದಲು ಬರುವುದಿಲ್ಲ, ಆದರೆ ನಾನು ಬರೆಯದೆ ಇರುವವಳಲ್ಲ ಎಂದು ಗೊತ್ತು. ಬರೆದಿದ್ದೇನೆ ಅಂದೆ.

"ಓದು. ಏಪ್ರಿಲ್‌ನಿಂದ. ಏನೂ ಬಿಡಬೇಡ."

ಗೋಡೆಯಿಂದ ಕ್ಯಾಲೆಂಡರ್ ತೆಗೆದು ಮೇಜಿನ ಮೇಲೆ ಹಾಸಿ ಎರಡು ಹಾಳೆ ಹಿಂದಕ್ಕೆ ತಿರುಗಿಸಿದೆ. ಅಮ್ಮನ ಆಸ್ಪತ್ರೆ, ನಾಲಿಗೆಯ ಪರೀಕ್ಷೆ, ಮೊದಲ ಸಲ ಎದ್ದು ಕುಳಿತದ್ದು, ಎಲ್ಲ ಓದಿದೆ. ಮೇ ತಿಂಗಳ ಮೊದಲ ಭಾನುವಾರ ಬಂದಾಗ ಬೆರಳು ನಿಂತಿತು. ಅಲ್ಲಿಂದ ಮುಂದೆ ಅಮ್ಮನ ಸುದ್ದಿಯ ನಡುನಡುವೆ ನಾನು ಮಗಳ ಬಗ್ಗೆ ಬರೆದದ್ದೂ ಇತ್ತು. ಒಂದು ಬುಧವಾರದ ಮೂಲೆಯಲ್ಲಿ ಸಣ್ಣದಾಗಿ "ಉಂಗುರ?" ಎಂದಿತ್ತು.

ಬಿಟ್ಟು ಓದಬಹುದಿತ್ತು, ಅವಳಿಗೆ ತಿಳಿಯುತ್ತಿರಲಿಲ್ಲ. ಕನ್ನಡಕ ಒರೆಸಿಕೊಂಡು ಓದಿದೆ, "ಎಡಗೈ."