ದೊಡ್ಡಣ್ಣನ ಬಲಗಾಲು

ಆ ಕ್ಷೌರದಂಗಡಿಯಲ್ಲಿ ಎರಡು ಕುರ್ಚಿಗಳಿದ್ದವು. ಬಾಗಿಲ ಹತ್ತಿರದ್ದು ಅಣ್ಣನದು, ಒಳಗಿನದು ತಮ್ಮನದು. ಅಣ್ಣನನ್ನು ಗಿರಾಕಿಗಳೆಲ್ಲ ದೊಡ್ಡಣ್ಣ ಎಂದು ಕರೆಯುತ್ತಿದ್ದರು. ಆಳು ನೋಡಿದರೆ ಕುಳ್ಳ, ತೆಳ್ಳಗೆ. ಮೀಸೆ ಮೂಡುವ ವಯಸ್ಸಿಗೆ ಅಪ್ಪನ ಕೈಯಿಂದ ಕತ್ತರಿ ತೆಗೆದುಕೊಂಡವನು, ಅದೇ ಕನ್ನಡಿಯ ಮುಂದೆ ನಿಂತು ನಿಂತು ಅರವತ್ತರ ಹತ್ತಿರ ಬಂದಿದ್ದ. ಅವನ ಕೈ ಹಗುರ ಎಂದು ಬೀದಿಗೆಲ್ಲ ಗೊತ್ತು. ನಾಲಿಗೆ ಹಾಗಲ್ಲ. ಬೋಳಾಗುತ್ತಿರುವವನು ಬಂದು ಕೂತರೆ, ಅರ್ಧ ಕೆಲಸ ಮನೆಯಲ್ಲೇ ಮುಗಿಸಿಕೊಂಡು ಬಂದಿದ್ದೀಯಲ್ಲ ಎನ್ನುತ್ತಿದ್ದ. ಬೈಸಿಕೊಂಡವರೂ ಮುಂದಿನ ಸಲ ಅವನ ಕುರ್ಚಿಗೇ ಕಾಯುತ್ತಿದ್ದರು.

ಕ್ಷೌರವನ್ನು ಕೈಕೆಲಸ ಎಂದು ತಿಳಿದವರು ಕ್ಷೌರಿಕನ ಕಾಲನ್ನು ನೋಡಿರುವುದಿಲ್ಲ. ದೊಡ್ಡಣ್ಣ ಬಲಗಾಲಿನ ಮೇಲೆ ಮೈಭಾರವನ್ನೆಲ್ಲ ಹಾಕಿ, ಎಡಗಾಲನ್ನು ಕೈವಾರದಂತೆ ತಿರುಗಿಸುತ್ತ ಕುರ್ಚಿಯ ಸುತ್ತ ಸುತ್ತುತ್ತಿದ್ದ. ಆ ಬಲಮಂಡಿ ಸವೆದು ಎಲುಬಿಗೆ ಎಲುಬು ತಾಗುವಂತಾಗಿತ್ತು. ಬೆಳಿಗ್ಗೆ ಹಾಸಿಗೆ ಬಿಟ್ಟು ಬಚ್ಚಲಿಗೆ ಹೋಗುವಷ್ಟರಲ್ಲಿ ಗೋಡೆ, ಬಾಗಿಲ ಚೌಕಟ್ಟು, ಹೆಂಡತಿಯ ಹೆಗಲು ಮೂರನ್ನೂ ಹಿಡಿಯುತ್ತಿದ್ದ. ಅಂಗಡಿಯಲ್ಲಿ ಕುರ್ಚಿಯ ಬೆನ್ನಿಗೆ ಸೊಂಟ ಆನಿಸಿಕೊಂಡು ಕೆಲಸ ಮಾಡುವುದನ್ನು ಕಲಿತಿದ್ದ. ಗಿರಾಕಿಗಳು ಅದನ್ನೊಂದು ಶೈಲಿ ಎಂದುಕೊಂಡಿದ್ದರು.

ಒಂದು ಬೆಳಿಗ್ಗೆ, ನಿವೃತ್ತ ಹೆಡ್‌ಮಾಸ್ತರರ ಗಂಟಲ ಮೇಲೆ ಕತ್ತಿ ಇದ್ದಾಗ ಮಂಡಿ ಕುಸಿಯಿತು. ಕೈಯನ್ನು ಹೊರಕ್ಕೆಳೆದುಕೊಂಡ, ಆದರೂ ಕಿವಿಯ ಕೆಳಗೆ ಗೀರು ಬಿತ್ತು. ಮಾಸ್ತರರು ರಕ್ತ ಒರೆಸಿಕೊಂಡು, ಇನ್ನೊಂದು ಕೆನ್ನೆ ಬಾಕಿಯಿದೆ ಎಂದಷ್ಟೇ ಹೇಳಿದರು. ತಮ್ಮ ಮಾತ್ರ ತನ್ನ ಕೈಯ ಕತ್ತರಿ ನಿಲ್ಲಿಸಿ ನೋಡುತ್ತಿದ್ದ. ಅಂಗಡಿ ಮುಚ್ಚುವಾಗ ಅವನು ಬಾಯಿ ಬಿಟ್ಟ.

"ಅಣ್ಣಾ, ಇವತ್ತು ಕಿವಿ ಕೆಳಗೆ. ನಾಳೆ ಎಲ್ಲೀಂತ ನಂಗೊತ್ತಿಲ್ಲ. ಆಪರೇಷನ್ ಮಾಡಿಸ್ಕೋ. ಮಾಡಿಸ್ಕೊಂಡು ಬಾ, ಕುರ್ಚಿ ನಿಂದೇ. ಇಲ್ಲಾಂದ್ರೆ ಅಲ್ಲಿ ಬೇರೆಯವರನ್ನ ನಿಲ್ಲಿಸ್ತೀನಿ. ಆಮೇಲೆ ನನ್ನ ಬೈಬೇಡ."

ದೊಡ್ಡಣ್ಣ ಬೈಯಲಿಲ್ಲ. ತಮ್ಮ ಹೇಳಿದ್ದರಲ್ಲಿ ತಪ್ಪು ಹುಡುಕಿದ, ಸಿಗಲಿಲ್ಲ.

ಆಸ್ಪತ್ರೆಯಲ್ಲಿ ಸರ್ಜನ್ ಎಕ್ಸ್‌ರೇ ನೋಡಿ, ಮಂಡಿ ಬದಲಿಸಲೇಬೇಕು ಎಂದರು. ತಾರೀಕನ್ನೂ ಕೊಟ್ಟರು, ಜೊತೆಗೊಂದು ಷರತ್ತು ಹಾಕಿದರು. ಹೊಸ ಮಂಡಿಯನ್ನು ಎತ್ತಿ ನಡೆಸುವುದು ತೊಡೆಯ ಸ್ನಾಯು. ಅದು ಸತ್ತಂತಿದ್ದರೆ ಆಪರೇಷನ್ ಆದವನು ಹಾಸಿಗೆಯಲ್ಲೇ ಉಳಿಯುತ್ತಾನೆ, ಅಂಥವರನ್ನು ಅವರು ಕಂಡಿದ್ದರು. ಆದ್ದರಿಂದ ತಾರೀಕಿಗೆ ಮುಂಚೆ ಒಂದು ಪರೀಕ್ಷೆ. ಮಲಗಿ, ಬಲಗಾಲನ್ನು ನೇರವಾಗಿ ಮೇಲೆತ್ತಿ ಹಿಡಿಯಬೇಕು. ಎತ್ತಲಾರದವನ ತಾರೀಕು ಸಾಲಿನಲ್ಲಿ ಕಾಯುತ್ತಿರುವ ಮುಂದಿನವನಿಗೆ ಹೋಗುತ್ತದೆ.

ಸ್ನಾಯು ಬಲಪಡಿಸಲು ದಿನವೂ ಆಸ್ಪತ್ರೆಗೆ ಬರಬೇಕಿಲ್ಲ ಎಂದರು. ಫೋನಿಗೆ ಒಂದು ಆ್ಯಪ್ ಹಾಕಿಕೊಟ್ಟರು, ಕಾಲಿಗೆ ಕಟ್ಟಿಕೊಳ್ಳಲು ಒಂದು ಪಟ್ಟಿ ಕೊಟ್ಟರು. ಪಟ್ಟಿಯೊಳಗಿನ ಪುಟ್ಟ ಯಂತ್ರ ಕಾಲು ಎಷ್ಟು ಎದ್ದಿತೆಂದು ಫೋನಿಗೆ ತಿಳಿಸುತ್ತದೆ. ಫೋನಿನ ಪರದೆಯಲ್ಲಿ ಬೊಂಬೆಯಂಥ ಹೆಣ್ಣೊಬ್ಬಳು ವ್ಯಾಯಾಮ ಮಾಡಿ ತೋರಿಸುತ್ತಾಳೆ. ಎಲ್ಲೋ ಕೂತ ಒಬ್ಬಳು ಕೋಚ್ ಅದನ್ನೆಲ್ಲ ನೋಡಿ ವಾರಕ್ಕೊಮ್ಮೆ ಸಂದೇಶ ಕಳಿಸುತ್ತಾಳೆ. ದೊಡ್ಡಣ್ಣನ ಹೆಂಡತಿ ಬಟ್ಟೆ ಅಂಗಡಿಯಲ್ಲಿ ಸೀರೆ ಮಡಚುವ ಕೆಲಸದವಳು, ಫೋನಿನ ವಿಷಯದಲ್ಲಿ ಗಂಡನಿಗಿಂತ ಚುರುಕು. ಬಲಮಂಡಿ ಎಂದು ಅದರಲ್ಲಿ ತುಂಬಿದವಳು ಅವಳೇ. ಅದು ಸರಿಯಾಗಿಯೇ ಇತ್ತು.

ಬೆಳಿಗ್ಗೆ ಅವಳು ಬೇಗ ಹೊರಡುತ್ತಿದ್ದುದರಿಂದ ಮನೆಯಲ್ಲಿ ಅವನಿಗೆ ಹೇಳಿ ಮಾಡಿಸುವವರಿರಲಿಲ್ಲ. ಅಂಗಡಿಯ ಹಿಂದಿನ ಕೋಣೆಯಲ್ಲಿ, ಟವೆಲುಗಳನ್ನು ಒಣಹಾಕುವ ಹಗ್ಗದ ಕೆಳಗೆ ಒಂದು ಉದ್ದನೆಯ ಬೆಂಚು ಇತ್ತು. ವ್ಯಾಯಾಮ ಅಲ್ಲೇ. ಕೋಣೆಯ ಬಾಗಿಲ ಪರದೆಯಾಚೆ ಗಿರಾಕಿಗಳು ಕೂತಿರುತ್ತಾರೆ, ಹೆಣ್ಣುದನಿಯೊಂದು ತನಗೆ ಅಪ್ಪಣೆ ಕೊಡುವುದನ್ನು ಅವರು ಕೇಳಬಾರದೆಂದು ಮೊದಲ ದಿನವೇ ಫೋನಿನ ದನಿ ಮುಚ್ಚಿದ. ಫೋನನ್ನು ಎದುರಿನ ಗೂಡಿನಲ್ಲಿ ನಿಲ್ಲಿಸಿದ. ಅಷ್ಟು ದೂರಕ್ಕೆ ಬೊಂಬೆ ಕಾಣುತ್ತಿತ್ತು, ಅಕ್ಷರ ಕಾಣುತ್ತಿರಲಿಲ್ಲ. ಬೊಂಬೆ ಅವನ ಕಡೆಗೆ ಮುಖ ಮಾಡಿ ಕೂತು, ಬಲಗಾಲಿಗೆ ಪಟ್ಟಿ ಕಟ್ಟಿಕೊಂಡಿತು.

ಅವನ ಆಯುಸ್ಸೆಲ್ಲ ಕಳೆದದ್ದು ಕನ್ನಡಿಯಲ್ಲಿ. ಗಿರಾಕಿಯ ಬೆನ್ನ ಹಿಂದೆ ನಿಂತು ಎದುರಿನ ಕನ್ನಡಿ ನೋಡುತ್ತ ಕತ್ತರಿಸುವವನಿಗೆ, ಎದುರು ಮುಖದ ಎಡಕಿವಿ ತನ್ನ ಎಡಗೈಯ ಕಡೆಗೇ ಇರುತ್ತದೆ. ಅವನ ಕಣ್ಣಿಗೆ ಬೇರೆ ಪಾಠವೇ ಆಗಿರಲಿಲ್ಲ. ಬೊಂಬೆಯ ಪಟ್ಟಿ ಅವನ ಎಡಗಡೆಗೆ ಕಂಡಿತು, ಅವನು ತನ್ನ ಎಡಗಾಲಿಗೆ ಕಟ್ಟಿದ. ಪಟ್ಟಿಗೆ ಕಾಲು ಯಾವುದಾದರೇನು. ಎದ್ದರೆ ಎದ್ದಿತು ಎಂದು ಹೇಳುತ್ತದೆ.

ನೋವಿಲ್ಲದ ಕಾಲಿಗೆ ವ್ಯಾಯಾಮ ಏಕೆಂದು ಅವನಿಗೂ ಅನ್ನಿಸಿತ್ತು. ಆದರೆ ಕಾರಣ ತಾನೇ ಕಟ್ಟಿಕೊಂಡ. ಒಂದು ರಜೆಯ ದಿನ ಮನೆಯಲ್ಲಿ ಎಡಗಾಲಿನ ಪಟ್ಟಿ ನೋಡಿದ ಹೆಂಡತಿ, ನೋವಿರೋದು ಆ ಕಡೆ ಅಲ್ವಾ ಎಂದಳು. ಬಲಗಾಲನ್ನು ಕೊಯ್ದು ಮಲಗಿಸಿದ ಮೇಲೆ ಭಾರ ಹೊರಬೇಕಾದ್ದು ಎಡಗಾಲೇ, ಅದನ್ನು ಮೊದಲು ತಯಾರು ಮಾಡುತ್ತಾರೆ, ಡಾಕ್ಟರುಗಳು ದಡ್ಡರಲ್ಲ ಎಂದ. ಅವಳು ತಲೆಯಾಡಿಸಿ ಒಳಗೆ ಹೋದಳು. ಸುಳ್ಳು ಹೇಳಿದವನಲ್ಲ, ನಂಬಿ ಹೇಳಿದ. ನೋಯದ ದಾರಿಯನ್ನು ನಂಬುವುದು ಮನುಷ್ಯನಿಗೆ ಕಷ್ಟವೇನಲ್ಲ.

ಕೋಚ್ ಸಂದೇಶ ಕಳಿಸಿದಳು: ಪ್ರಗತಿ ಅತ್ಯುತ್ತಮ. ಮತ್ತೆ ಕಳಿಸಿದಳು: ನಿಮ್ಮಂಥ ಶಿಸ್ತು ಅಪರೂಪ. ದೊಡ್ಡಣ್ಣ ಅವನ್ನು ಗಿರಾಕಿಗಳಿಗೆ ಓದಿಸಿದ. ಓಟದ ಪಂದ್ಯಕ್ಕೆ ಹೆಸರು ಕೊಟ್ಟಿದ್ದೀಯಾ ಎಂದು ಒಬ್ಬ ಕೇಳಿದ. ಕಾಲು ಬಲವಾದರೆ ಮೊದಲು ನಿನ್ನನ್ನೇ ಒದೆಯುತ್ತೇನೆ ಎಂದ ದೊಡ್ಡಣ್ಣ. ಇತ್ತ ಬಲಗಾಲಿಗೆ ಆದಷ್ಟು ವಿಶ್ರಾಂತಿ ಕೊಟ್ಟ. ಮೆಟ್ಟಿಲಿನಲ್ಲಿ ಅದನ್ನು ಎಳೆದುಕೊಂಡು ಹೋದ, ಕೂತಾಗ ಸ್ಟೂಲಿನ ಮೇಲಿಟ್ಟ. ಅದು ಒಳಗೊಳಗೇ ಒಣಗುತ್ತಿತ್ತು. ಪ್ಯಾಂಟಿನೊಳಗಿನ ಕಾಲು ಯಾರಿಗೆ ಕಾಣುತ್ತದೆ?

ಪರೀಕ್ಷೆಯ ದಿನ ಹೆಂಡತಿ ರಜೆ ಹಾಕಿ ಜೊತೆಗೆ ಹೋದಳು. ಅಲ್ಲಿದ್ದ ಫಿಸಿಯೋಥೆರಪಿಸ್ಟ್ ಹೆಂಗಸು ಅವನ ದಾಖಲೆಯನ್ನು ಕಂಪ್ಯೂಟರಿನಲ್ಲಿ ನೋಡಿ, ನಿಮ್ಮದು ಸುಲಭದ ಕೆಲಸ ಎಂದು ನಕ್ಕಳು. ಮಲಗಿಸಿ, ಬಲಗಾಲು ಎತ್ತಿ ಎಂದಳು.

ಅವನು ಎತ್ತಿದ. ಕುತ್ತಿಗೆಯ ನರ ಉಬ್ಬಿತು, ಕೈಗಳು ಮಂಚದ ಅಂಚನ್ನು ಹಿಡಿದವು, ಸೊಂಟ ಎದ್ದಿತು. ಕಾಲು ಅಲುಗಲಿಲ್ಲ. ಅವಳು ತೊಡೆಯ ಮೇಲೆ ಕೈಯಿಟ್ಟು, ಇಲ್ಲಿ ಬಿಗಿ ಮಾಡಿ ಎಂದಳು. ಅಲ್ಲಿ ಬಿಗಿಯಾಗಲು ಏನೂ ಉಳಿದಿರಲಿಲ್ಲ. ಅಳತೆಪಟ್ಟಿ ತಂದು ಎರಡೂ ತೊಡೆ ಸುತ್ತಿ ನೋಡಿದಳು. ಮತ್ತೆ ಕಂಪ್ಯೂಟರ್ ನೋಡಿದಳು.

"ಇಷ್ಟು ದಿನ ಎತ್ತಿದ್ದು ಯಾರ ಕಾಲು?"

"ನಂದೇ ಅಮ್ಮ."

ಹೇಗೆ ಕಟ್ಟಿಕೊಳ್ಳುತ್ತಿದ್ದಿರಿ, ತೋರಿಸಿ ಎಂದಳು. ಅವನು ಎದ್ದು ಕೂತು, ಎಡಗಾಲಿಗೆ ಪಟ್ಟಿ ಸುತ್ತಿದ. ಸುತ್ತುವಾಗ ಅವಳ ಮುಖ ನೋಡಿದ, ಕೈ ಅಲ್ಲೇ ನಿಂತಿತು. ಎದುರಿಗೆ ಕೂತವರ ಬಲಗಾಲು ನಮ್ಮ ಎಡಕ್ಕೆ ಕಾಣುತ್ತದೆ ಎಂದು ಅವಳು ಮೆಲ್ಲನೆ ವಿವರಿಸಿದಳು. ಕನ್ನಡಿಯಲ್ಲಿ ಹಾಗಲ್ಲವಲ್ಲ ಎಂದ. ಅದು ಕನ್ನಡಿಯಲ್ಲ ಎಂದಳು.

ಸರ್ಜನ್ ಬಂದರು. ದೊಡ್ಡಣ್ಣ ಮಂಚದಿಂದಿಳಿದು ಅವರ ಕೋಟಿನ ತೋಳು ಹಿಡಿದ. ಮನೆಯಲ್ಲಿ ಹೆಂಡತಿಯ ಎದುರಿಗೂ ಬಾಗದ ಆಸಾಮಿ.

"ಕೊಯ್ದುಬಿಡಿ ಸಾರ್. ಆಮೇಲೆ ಸಾಯೋಷ್ಟು ಮಾಡ್ತೀನಿ ವ್ಯಾಯಾಮ. ನಿಂತ್ಕೊಂಡು ಮಾಡೋ ಕೆಲ್ಸ ನಂದು, ಬೇರೆ ಕೆಲ್ಸ ಬರಲ್ಲ ನಂಗೆ."

ಈಗ ಕೊಯ್ದರೆ ನೀವು ಎಂದೂ ನಿಲ್ಲುವುದಿಲ್ಲ, ಅದಕ್ಕೇ ಕೊಯ್ಯುವುದಿಲ್ಲ ಎಂದರು ಸರ್ಜನ್. ಒರಟಾಗಿ ಹೇಳಲಿಲ್ಲ. ತೋಳನ್ನೂ ಬಿಡಿಸಿಕೊಳ್ಳಲಿಲ್ಲ, ಅವನೇ ಬಿಡುವತನಕ ನಿಂತಿದ್ದರು. ತಾರೀಕು ಬೇರೊಬ್ಬರಿಗೆ ಹೋಯಿತು. ಬಲಗಾಲು ಎತ್ತಬಲ್ಲ ದಿನ ಬನ್ನಿ, ಆಗ ಸಾಲಿನ ಕೊನೆಯಲ್ಲಿ ಹೆಸರು ಸೇರಿಸುತ್ತೇವೆ ಎಂದು ಹೊರಗೆ ಕೌಂಟರಿನಲ್ಲಿ ಕೂತವನು ಹೇಳಿದ. ಆ ಸಾಲು ಎಷ್ಟು ಉದ್ದವೆಂದು ಅವನಿಗೂ ಗೊತ್ತಿರಲಿಲ್ಲ.

ಗಂಡಹೆಂಡಿರು ಮನೆಯ ಬಸ್ಸು ಹತ್ತಿದರು. ಕೂತ ಮೇಲೆ ಅವಳು, ನಾನು ಅವತ್ತೇ ಕೇಳಿದ್ದೆ ಎಂದಳು. ಹೌದು, ನೀನು ಕೇಳಿದ್ದೆ ಎಂದು ಅವನು ಒಪ್ಪಿಕೊಂಡ. ಇನ್ನೊಂದು ಸಲ ಕೇಳಬೇಕಿತ್ತು ಎಂದು ಅವಳು ಕಿಟಕಿಯ ಕಡೆ ತಿರುಗಿದಳು.

ಮರುದಿನ ಅಂಗಡಿಗೆ ಹೋದವನೇ ತಮ್ಮನಿಗೆ ಎಲ್ಲವನ್ನೂ ಹೇಳಿದ. ಯಾವ ಕಾಲಿಗೆ ಕಟ್ಟಿದೆ ಎಂಬುದನ್ನೂ ಬಿಡದೆ ಹೇಳಿದ. ತಮ್ಮ ನಗಲಿಲ್ಲ. ನಕ್ಕಿದ್ದರೆ ಒಳ್ಳೆಯದಿತ್ತು. ಇನ್ನು ಸ್ವಲ್ಪ ದಿನ ನೋಡೋಣ ಎಂದು ನೆಲ ನೋಡುತ್ತ ಗೊಣಗಿದ.

"ನೋಡೋದೇನಿದೆ? ಮಾತು ಮಾತೇ. ಜನ ನೋಡು. ಒಳ್ಳೆ ಕೈಯಿರೋನ್ನ ನೋಡು, ಗಿರಾಕಿಗಳು ನನ್ನ ಬೈಬಾರ್ದು."

ವಾರದೊಳಗೆ ಹೊಸಬನೊಬ್ಬ ಬಂದ. ಬೇರೆ ಬಡಾವಣೆಯಲ್ಲಿ ಕೆಲಸ ಮಾಡಿದ್ದವನು, ಗಟ್ಟಿ ಕಾಲಿನವನು. ಕುರ್ಚಿಯ ಎತ್ತರ ಏರಿಸುವ ಹಿಡಿ ಜಾರುತ್ತದೆ, ಗಿರಾಕಿ ಕೂರುವ ಮುಂಚೆ ಒಮ್ಮೆ ಒತ್ತಿ ನೋಡು ಎಂದು ದೊಡ್ಡಣ್ಣ ಅವನಿಗೆ ತೋರಿಸಿಕೊಟ್ಟ. ಆಮೇಲೆ ಗೋಡೆ ಹಿಡಿದುಕೊಂಡು ಹಿಂದಿನ ಕೋಣೆಗೆ ಹೋಗಿ, ಪಟ್ಟಿಯನ್ನು ಬಲಗಾಲಿಗೆ ಕಟ್ಟಿ ಮಲಗಿದ.

ನೋವು ಮಂಡಿಯಿಂದ ತೊಡೆಸಂದಿಯವರೆಗೆ ಹತ್ತಿತು. ಹಲ್ಲು ಕಚ್ಚಿ ಮತ್ತೆ ಒತ್ತಿದ. ಹಿಮ್ಮಡಿ ಬೆಂಚನ್ನು ಬಿಟ್ಟಿತೆಂದು ಅವನಿಗನ್ನಿಸಿತು. ಕೈ ತೂರಿಸಿ ನೋಡಿದ. ಬಿಟ್ಟಿರಲಿಲ್ಲ.

ಪರದೆಯಾಚೆ ಹೊಸಬ ಅವನ ತಮ್ಮನನ್ನು ಕೇಳುತ್ತಿದ್ದ, ತಾನು ಎಷ್ಟು ದಿನದ ಮಟ್ಟಿಗೆ ಬರಬೇಕು, ಹೇಳಿದರೆ ಮನೆಯಲ್ಲಿ ಹೇಳಬಹುದು ಎಂದು. ತಮ್ಮನ ಉತ್ತರ ಕೇಳಿಸಲಿಲ್ಲ. ಕತ್ತರಿಗಳೂ ನಿಂತವು. ದೊಡ್ಡಣ್ಣ ಮಲಗಿದಲ್ಲಿಂದಲೇ ಹೊಸಬನಿಗೆ ಕೂಗಿ ಹೇಳಿದ.

"ನೀನು ಬಾರಪ್ಪ. ದಿನದ ಲೆಕ್ಕ ಇಟ್ಕೋಬೇಡ."