ಬಸಪ್ಪ ನಿಂತ ಬಾಗಿಲು

ಕೊರೊನಾದ ಎರಡನೇ ಅಲೆ ಇಳಿದು, ಬಸ್ಸುಗಳು ಮತ್ತೆ ತುಂಬಿ ಓಡಾಡತೊಡಗಿದ್ದ ವರ್ಷ ಅದು. ಆಗ ನಾನು ನಾಗಮಂಗಲ ತಾಲ್ಲೂಕಿನ ದೇವಲಾಪುರ ಕಡೆಯ ಒಂದಷ್ಟು ಹಳ್ಳಿಗಳಿಗೆ ಪಶುವೈದ್ಯೆ. ನಿವೃತ್ತಿ ಹತ್ತಿರವಿತ್ತು. ನನ್ನ ಮನೆ ಬಾಬುರಾಯನಕೊಪ್ಪಲಿನಲ್ಲಿ. ವಾರವೆಲ್ಲ ಬಾಡಿಗೆ ಕೋಣೆಯಲ್ಲಿದ್ದು ಭಾನುವಾರ ಮಾತ್ರ ಊರಿಗೆ ಹೋಗಿಬರುತ್ತಿದ್ದೆ.

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆಂದು ಜೊತೆಯಲ್ಲಿ ಕೆಲಸ ಮಾಡಿದವರೆಲ್ಲ ಹೇಳುತ್ತಾರೆ. ಹೇಳಲಿ. ಹೊಟ್ಟೆಯಲ್ಲಿ ಅಡ್ಡ ಸಿಕ್ಕಿಕೊಂಡ ಕರುವನ್ನು ತೋಳುದ್ದ ಕೈಹಾಕಿ ಎಳೆದು ಎಳೆದು ಸವೆದವಳಿಗೆ ನಾಜೂಕು ಮಾತು ಎಲ್ಲಿಂದ ಬರಬೇಕು? ಆದರೆ ಈಗ ಹೇಳಹೊರಟಿರುವ ಸಂಗತಿಯಲ್ಲಿ ನನ್ನ ಸಿಟ್ಟೂ ಕೆಲಸಕ್ಕೆ ಬರಲಿಲ್ಲ, ನನ್ನ ಓದೂ ಬರಲಿಲ್ಲ. ಊರಿನ ಹೆಸರು ಬರೆಯುವುದಿಲ್ಲ. ಜನರ ಹೆಸರುಗಳನ್ನೂ ಬದಲಿಸಿದ್ದೇನೆ.

ಆ ಊರಿನಲ್ಲಿ ಜಯಮ್ಮ ಎಂಬ ಹೆಂಗಸಿದ್ದರು. ಐವತ್ತು ದಾಟಿದ ವಯಸ್ಸು. ಗಂಡ ತೀರಿಕೊಂಡಿದ್ದರು, ಒಬ್ಬಳೇ ಮಗಳನ್ನು ಪಾಂಡವಪುರದ ಹತ್ತಿರ ಕೊಟ್ಟಿದ್ದರು. ಎರಡು ಸೀಮೆ ಹಸು ಕಟ್ಟಿಕೊಂಡು, ಹೊತ್ತಿಗೆ ಸರಿಯಾಗಿ ಊರಿನ ಡೇರಿಗೆ ಹಾಲು ಹಾಕುತ್ತ ಬದುಕಿದ್ದರು. ದೊಡ್ಡ ದನಿ, ದೊಡ್ಡ ನಗು. ಮನಸ್ಸಿನಲ್ಲಿದ್ದದ್ದು ಹಾಗೇ ಬಾಯಿಗೆ ಬಂದುಬಿಡುತ್ತಿತ್ತು. ನನ್ನ ಸ್ವಭಾವಕ್ಕೂ ಅವರ ಸ್ವಭಾವಕ್ಕೂ ಚೆನ್ನಾಗಿ ಹೊಂದಿಕೆಯಾಗುತ್ತಿತ್ತು. ಆ ಕಡೆ ಹೋದಾಗಲೆಲ್ಲ ಅವರ ಜಗಲಿಯಲ್ಲಿ ಕೂತು ಒಂದು ಲೋಟ ಮಜ್ಜಿಗೆ ಕುಡಿಯದೆ ನಾನು ವಾಪಸು ಬಂದದ್ದಿಲ್ಲ.

ಮುಂಗಾರಿಗೆ ಮುಂಚೆ ಡೇರಿಯ ಮುಂದೆ ಒಂದು ಶಿಬಿರ ನಡೆಸಿದ್ದೆ. ಅದು ಮಳೆಯನ್ನೇ ನಂಬಿದ ಸೀಮೆ. ಮೇವಿಗೆಂದು ಜೋಳ ಚೆಲ್ಲುತ್ತಾರೆ. ಜೋಳ ಕೊಯ್ದ ಮೇಲೆ ಮಳೆ ಕೈಕೊಟ್ಟು, ನೆಲದಲ್ಲುಳಿದ ಕೂಳೆ ಬಾಡಿ, ಆಮೇಲೆ ಒಂದು ಹದ ಮಳೆ ಬಿದ್ದರೆ ಹಸಿರಾಗಿ ಚಿಗುರುತ್ತದೆ. ನೋಡಲು ಸೊಗಸು. ಆದರೆ ಆ ಎಳೆ ಚಿಗುರಿನಲ್ಲಿ ಸಯನೈಡ್ ಎಂಬ ವಿಷ ಸೇರಿಕೊಂಡಿರುತ್ತದೆ. ಹಸಿದ ದನ ಅದನ್ನು ಹೊಟ್ಟೆತುಂಬ ತಿಂದರೆ ಔಷಧಿ ತರುವಷ್ಟು ಹೊತ್ತೂ ಉಳಿಯುವುದಿಲ್ಲ. ಹೂವು ಒಡೆಯುವ ತನಕ ಆ ಮೇವು ಮುಟ್ಟಬೇಡಿ ಎಂದು ಗಂಟಲು ಹರಿಯುವಂತೆ ಹೇಳಿದ್ದೆ. ಅರ್ಧ ಜನ ಮೊಬೈಲು ನೋಡುತ್ತಿದ್ದರು. ಗಮನವಿಟ್ಟು ಕೇಳಿಸಿಕೊಂಡು, ಎದ್ದು ನಿಂತು ಪ್ರಶ್ನೆ ಕೇಳಿದವರು ಜಯಮ್ಮ ಒಬ್ಬರೇ.

ಆ ವರ್ಷ ಮಳೆ ಹಾಗೇ ಆಟವಾಡಿತು. ಒಂದು ಬೆಳಿಗ್ಗೆ ಮರೀಗೌಡರ ಮನೆಯಿಂದ ಫೋನು ಬಂತು. ಎರಡು ಹಸು ಬಿದ್ದುಬಿಟ್ಟಿವೆ ಎಂದರು. ಸ್ಕೂಟರು ಓಡಿಸಿಕೊಂಡು ಹೋಗುವಷ್ಟರಲ್ಲಿ ಒಂದು ಸತ್ತಿತ್ತು. ಇನ್ನೊಂದು ಕಾಲು ಸೆಟೆದುಕೊಂಡು ಏದುಸಿರು ಬಿಡುತ್ತಿತ್ತು. ನರಕ್ಕೆ ಇಂಜೆಕ್ಷನ್ ಕೊಡುತ್ತಿರುವಾಗಲೇ ಅದೂ ಹೋಯಿತು. ಹೊಟ್ಟೆ ಕೊಯ್ದು ಪೋಸ್ಟ್‌ಮಾರ್ಟಂ ಮಾಡಿದೆ. ನೆತ್ತರು ಹೊಳೆಯುವ ಕೆಂಪಾಗಿತ್ತು, ಹೊಟ್ಟೆಯ ತುಂಬ ಜೋಳದ ಎಳೆ ಗರಿ. ಅನುಮಾನವೇ ಇರಲಿಲ್ಲ. ನೆರೆದವರಿಗೆ ಅದನ್ನು ತೋರಿಸಿ, ಬಿಡಿಸಿ ಹೇಳಿದೆ. ಎಲ್ಲರೂ ತಲೆಯಾಡಿಸಿದರು.

ಮರೀಗೌಡರು ಗೋದಲಿಯ ಅಂಚಿನಲ್ಲಿ ಕುಸಿದು ಕೂತಿದ್ದರು. ಕೆಟ್ಟ ಮನುಷ್ಯರಲ್ಲ. ಆ ಹಸುಗಳ ಮೈ ತಾವೇ ಉಜ್ಜಿ ತೊಳೆಯುತ್ತಿದ್ದರು. ಅವರ ಹೆಂಡತಿ ಸಾಕಮ್ಮ ಅಳು ನಿಲ್ಲಿಸಿ ನನ್ನ ಮುಂದೆ ಬಂದು ನಿಂತರು.

"ಮೊನ್ನೆ ಮೇವು ಕುಯ್ಕಂಡ್ ಬತ್ತಿದ್ನಾ, ಆ ಜಯಮ್ಮ ದಾರೀಲಿ ನಿಂತ್ಕಂಡು, 'ಇದ ಹಾಕ್‌ಬ್ಯಾಡ ಕಣವ್ವ, ನಿನ್ ದನ ಸತ್ತೋಯ್ತವೆ' ಅಂದ್ಲು ಡಾಕ್ಟ್ರಮ್ಮ. ಅವಳು ಅಂದಂಗೇ ಆಗೋಯ್ತಲ್ಲ!"

"ಅಯ್ಯೋ ತಾಯಿ, ಅದು ನಾನು ಹೇಳಿಕೊಟ್ಟಿದ್ದು! ನಿಮ್ಮ ಒಳ್ಳೇದಕ್ಕೆ ಹೇಳಿದ್ದಾರೆ ಅವರು" ಎಂದೆ.

ಮರೀಗೌಡರು ತಲೆ ಎತ್ತಿದರು. "ಮೇವು ತಿಂದು ಸತ್ತೋ ಅನ್ನೋದ ಒಪ್ಕತೀನಿ ಡಾಕ್ಟ್ರಮ್ಮ. ಊರಾಗೆ ಇನ್ನೂ ನಾಕ್ ಮನೆಯೋರು ಅದೇ ಮೇವು ಹಾಕವ್ರೆ. ಅವರವ್ಕೆ ಏನೂ ಆಗ್ಲಿಲ್ಲ. ನಮ್ಮವೇ ಯಾಕೆ ಸತ್ತೋ, ಅದ ಹೇಳಿ."

ಖಾಲಿ ಹೊಟ್ಟೆ, ತಿಂದ ಪ್ರಮಾಣ, ಹೊಲದಿಂದ ಹೊಲಕ್ಕೆ ವಿಷದ ಹೆಚ್ಚುಕಡಿಮೆ ಎಲ್ಲವನ್ನೂ ಹೇಳಿದೆ. ಅವರು ಮರ್ಯಾದೆಯಿಂದಲೇ ಕೇಳಿಸಿಕೊಂಡು "ಸರಿ ಬುಡಿ" ಎಂದರು. ಹಸು ಹೇಗೆ ಸತ್ತಿತೆಂಬುದಕ್ಕೆ ನನ್ನ ಬಳಿ ಉತ್ತರವಿತ್ತು. ಅವರಿಗೆ ಬೇಕಾಗಿದ್ದದ್ದು ಯಾರಿಂದ ಸತ್ತಿತು ಎಂಬುದಕ್ಕೆ ಉತ್ತರ.

ಎರಡು ದಿನ ಕಳೆದು ಜಯಮ್ಮನೇ ಫೋನು ಮಾಡಿದರು. "ನಾನು ಮಾಟ ಮಾಡ್ಸಿವ್ನಿ ಅಂತ ಊರೆಲ್ಲ ಗುಲ್ಲು ಡಾಕ್ಟ್ರಮ್ಮ. ಸ್ವಾಮಾರ ಬಸಪ್ಪನ್ನ ಬುಡ್ತಾರಂತೆ. ಒಳ್ಳೇದೇ ಆಯ್ತು. ಬಸಪ್ಪಂಗೆ ಸುಳ್ಳು ಗೊತ್ತಿಲ್ಲ, ನಿಜ ತೋರುಸ್ತಾನೆ" ಎಂದರು. ದನಿಯಲ್ಲಿ ಹಳೆಯ ಗೆಲುವೇ ಇತ್ತು.

ಬಸಪ್ಪ ಎಂದರೆ ದೇವರಿಗೆ ಬಿಟ್ಟ ಗೂಳಿ. ನಮ್ಮ ಕಡೆ ಕಳ್ಳತನವಾದರೆ, ಮಾಟದ ಅನುಮಾನ ಬಂದರೆ, ಪೂಜೆ ಮಾಡಿ ಬಸಪ್ಪನನ್ನು ಬೀದಿಗೆ ಬಿಡುತ್ತಾರೆ. ಅವನು ಯಾರ ಬಾಗಿಲಲ್ಲಿ ನಿಲ್ಲುತ್ತಾನೋ ತಪ್ಪು ಆ ಮನೆಯದು. ಅದರ ಮೇಲೆ ಅಪೀಲಿಲ್ಲ. ಆ ಊರಿನ ಬಸಪ್ಪನಿಗೆ ಲಸಿಕೆ ಹಾಕುತ್ತಿದ್ದವಳೇ ನಾನು. ಬಲು ಸಾಧು ಪ್ರಾಣಿ. ಬೆಳಗಾದರೆ ತಾನೇ ತಾನಾಗಿ ಜಯಮ್ಮನ ಬಾಗಿಲಿಗೆ ಬಂದು ಮುಸುಡಿ ಒಳಗಿಟ್ಟು ನಿಲ್ಲುತ್ತಿತ್ತು. ಅವರು ಬೂಸಾದ ಜೊತೆ ಒಂದು ಉಂಡೆ ಬೆಲ್ಲ ತಿನ್ನಿಸಿ, ಹಣೆ ಮುಟ್ಟಿ ಕಣ್ಣಿಗೊತ್ತಿಕೊಂಡ ಮೇಲೇ ಹೊರಡುತ್ತಿತ್ತು. ಆ ಓಣಿಯಲ್ಲಿ ಅದರ ಹಿಂದೆ ಸ್ಕೂಟರು ನಿಲ್ಲಿಸಿಕೊಂಡು ಎಷ್ಟೋ ಸಲ ಕಾದಿದ್ದೇನೆ.

"ಜಯಮ್ಮ, ಸೋಮವಾರ ಮಗಳ ಮನೆಗೆ ಹೋಗಿಬಿಡಿ. ಬಸಪ್ಪ ಬೆಲ್ಲದ ಆಸೆಗೆ ನಿಮ್ಮ ಬಾಗಿಲಿಗೇ ಬರ್ತಾನೆ" ಎಂದೆ.

"ಥೂ, ಬುಡ್ತು ಅನ್ನಿ! ಅವತ್ತು ಬರೋನು ದೇವ್ರು, ಬೆಲ್ಲಕ್ಕೆ ಬಂದಾನಾ? ತೆಪ್ಪು ಮಾಡ್ದೋಳಂಗೆ ಓಡೋಗು ಅಂತೀರಲ್ಲ" ಎಂದು ಅವರೇ ನನ್ನನ್ನು ಬೈದರು.

ಸೋಮವಾರ ಬೆಳಿಗ್ಗೆ ನಾನೂ ಹೋದೆ. ಬಸಪ್ಪನಿಗೆ ಅರಿಶಿನ ಬಳಿದು, ರೇಷ್ಮೆ ವಸ್ತ್ರ ಹೊದಿಸಿ, ಕೊಂಬಿಗೆ ಹೂ ಸುತ್ತಿದ್ದರು. ತಮಟೆ ಬಡಿಯುತ್ತ ಗುಡಿಯ ಮುಂದೆ ಬಿಟ್ಟರು. ಅವನು ಅತ್ತ ಇತ್ತ ನೋಡಿ, ಮರೀಗೌಡರ ಮನೆ ದಾಟಿ, ದಿನದ ದಾರಿ ಹಿಡಿದು ಜಯಮ್ಮನ ಓಣಿಗೆ ತಿರುಗಿದ. ಜಯಮ್ಮ ಬಾಗಿಲಿಗೆ ನೀರು ಹಾಕಿ, ರಂಗೋಲಿ ಬಿಟ್ಟು, ಕೈಮುಗಿದು ನಿಂತಿದ್ದರು. ಬಸಪ್ಪ ನೇರವಾಗಿ ಬಂದು ಅವರ ಮುಂದೆ ನಿಂತು, ಬೆಲ್ಲ ಹುಡುಕುತ್ತ ಅವರ ಸೆರಗಿಗೆ ಮುಸುಡಿ ಒತ್ತಿದ.

ತಮಟೆ ನಿಂತಿತು. ಜಯಮ್ಮನ ಮುಗಿದ ಕೈ ಹಾಗೇ ಇತ್ತು, ಮುಖ ಮಾತ್ರ ಬಿಳಿಚಿಕೊಂಡಿತು.

ನನಗೆ ತಡೆಯಲಾಗಲಿಲ್ಲ. ಗುಂಪನ್ನು ನೂಕಿಕೊಂಡು ಮುಂದೆ ಹೋಗಿ ಕೂಗಿದೆ. "ಏನ್ರಪ್ಪಾ ನಿಮಗೆ ಬುದ್ಧಿ ಇಲ್ವಾ? ದಿನಾ ಬೆಳಿಗ್ಗೆ ಇವರು ಬಸಪ್ಪನಿಗೆ ಬೆಲ್ಲ ತಿನ್ನಿಸ್ತಾರೆ. ನಾನೇ ಕಣ್ಣಾರೆ ಕಂಡಿದ್ದೀನಿ. ಆ ರೂಢಿಗೆ ಬಂದು ನಿಂತಿದೆ, ಅಷ್ಟೇ!"

ಗೆದ್ದೆ ಎಂದುಕೊಂಡೆ.

ಸಾಕಮ್ಮ ಬಾಯಿ ಬಿಟ್ಟರು. "ದಿನಾ ತಿನ್ನುಸ್ತಿದ್ಲಾ? ಬೆಲ್ಲದೊಳ್ಗೆ ಏನ್ ಮಡ್ಗಿ ತಿನ್ನುಸ್ತಿದ್ಲೋ ಕಂಡೋರ್ಯಾರು?"

"ದೇವ್ರನ್ನೇ ಕಟ್ಟಾಕಕ್ಕೆ ನೋಡವ್ಳೆ ಕಣ್ರಲಾ" ಎಂದರು ಹಿಂದಿನಿಂದ ಒಬ್ಬ ಮುದುಕರು. "ಆದ್ರೂ ಬಸಪ್ಪ ಬುಡ್ಲಿಲ್ಲ. ಡಾಕ್ಟ್ರಮ್ಮನ ಬಾಯಲ್ಲೇ ಸತ್ಯ ಆಡುಸ್ಬುಟ್ಟ."

ಗುಂಪೆಲ್ಲ ಹೌದು ಹೌದು ಎಂದಿತು. ಕೆಲವರು ನನಗೇ ಕೈಮುಗಿದರು. ನಾಲ್ಕು ಜನ ಬಸಪ್ಪನನ್ನು ಎಳೆದುಕೊಂಡು ಹೋಗಿ ಅರಿಶಿನದ ನೀರಿನಿಂದ ಅವನ ಬಾಯಿ ತೊಳೆದರು. ಅವನು ಮತ್ತೆ ಮತ್ತೆ ಜಯಮ್ಮನ ಮನೆ ಕಡೆಗೇ ತಿರುಗಿ ನೋಡುತ್ತಿದ್ದ. ಅದನ್ನೂ ಅವರು ಸಾಕ್ಷಿಯೆಂದೇ ಲೆಕ್ಕ ಹಿಡಿದರು. ಆ ಹೊತ್ತು ನಾನು ಪಟ್ಟ ಸಂಕಟವನ್ನು ಹೇಗೆ ಹೇಳಲಿ? ನೂರು ಜನರ ಮುಂದೆ ಗಟ್ಟಿಯಾಗಿ ಸತ್ಯ ಹೇಳಿದ್ದೆ. ಅದೇ ಸತ್ಯವನ್ನು ತಿರುಗಿಸಿ ಆ ಹೆಂಗಸಿನ ಕೊರಳಿಗೆ ಬಿಗಿದಿದ್ದರು.

ಮಾಟ ಮಾಡಿಸಿದ್ದಾರೆಂದು ಯಾರಿಗಾದರೂ ಹಣೆಪಟ್ಟಿ ಕಟ್ಟಿ ಹಿಂಸೆ ಕೊಡುವುದು ಅಪರಾಧವೆಂದು ನಮ್ಮಲ್ಲಿ ಕಾಯ್ದೆಯೇ ಇದೆ. ಠಾಣೆಗೆ ಹೋದೆ. ಸಬ್‌ಇನ್‌ಸ್ಪೆಕ್ಟರು ಒಳ್ಳೆಯ ಹುಡುಗ, ಮರುದಿನವೇ ಊರಿಗೆ ಬಂದು ಎಲ್ಲರನ್ನೂ ಕೂರಿಸಿದರು. "ನಾವೇನಂದ್ವಿ ಸಾ? ಏನೂ ಅಂದಿಲ್ಲ. ಬಸಪ್ಪ ಎಲ್ಲೋ ನಿಂತ್ಕಂಡ, ನಾವು ನೋಡ್ಕಂಡ್ ಬಂದೊ" ಎಂದರು ಊರಿನವರು. ಯಾರೂ ಹೊಡೆದಿರಲಿಲ್ಲ, ಬೈದಿರಲಿಲ್ಲ. ದೂರು ಕೊಡಿ ಎಂದರೆ ಜಯಮ್ಮ ಒಪ್ಪಲಿಲ್ಲ. "ನಿಮ್ ದಮ್ಮಯ್ಯ ಬ್ಯಾಡ. ಅವರ ಮೇಲೆ ಕೇಸಾಕಿ ಇದೇ ಊರಾಗೆ ಬಾಳಕ್ಕಾದದಾ?" ಎಂದರು. ಅವರಿಗೆ ಬೇಕಾಗಿದ್ದದ್ದು ಅಷ್ಟೇ, ಆ ಊರಿನಲ್ಲಿ ಬಾಳುವುದು.

ಜೀಪು ಹೋದ ಸಂಜೆ ಡೇರಿಯಲ್ಲಿ ಅವರ ಹಾಲು ತೆಗೆದುಕೊಳ್ಳಲಿಲ್ಲ. ಬೇಡವೆಂದೂ ಹೇಳಲಿಲ್ಲ. ಅವರ ಹಾಲು ಕ್ಯಾನಿಗೆ ಬಿದ್ದರೆ ತಮ್ಮ ಹಾಲು ಹಾಕುವುದಿಲ್ಲವೆಂದು ಉಳಿದವರು ಪಾತ್ರೆ ಹಿಡಿದು ದೂರ ನಿಂತರು. ಜಯಮ್ಮ ಒಂದಷ್ಟು ಹೊತ್ತು ಕಾದು ವಾಪಸು ಹೋದರು. ದಿನಾ ಹಾಗೇ ಆಯಿತು. ಅಂಗಡಿಯವನು ಅವರು ಕೇಳಿದ್ದು ಕೇಳಿಸದಂತೆ ಇದ್ದುಬಿಡುತ್ತಿದ್ದ. ನಾನು ಡೇರಿಯ ಮುಂದೆ ನಿಂತು ಬಾಯಿಗೆ ಬಂದಂತೆ ಬೈದೆ. ಮರೀಗೌಡರ ಮನೆಗೆ ಹೋಗಿ ಕೈಮುಗಿದು ಬೇಡಿದೆ.

"ನಂಗೂ ಪಾಪ ಅನ್ಸುತ್ತೆ ಡಾಕ್ಟ್ರಮ್ಮ. ಆದ್ರೆ ದೇವ್ರು ತೋರ್ಸಿದ್ದ ನಾನು ಸುಳ್ಳು ಅನ್ಲಾ?" ಎಂದರು ಅವರು, ಕಣ್ಣಲ್ಲಿ ನೀರು ತುಂಬಿಕೊಂಡು. ಅದು ನಿಜವಾದ ಕಣ್ಣೀರೇ.

ಪ್ರಯೋಗಾಲಯದ ವರದಿಯೂ ಬಂತು. ವಿಷ ಮೇವಿನದೇ ಎಂದಿತ್ತು. ಗುಡಿಯ ಜಗಲಿಯಲ್ಲಿ ಓದಿ ಹೇಳಿದೆ. ಮಾಟ ಮೇವಿನ ಮೂಲಕವೂ ನಡೆಯುತ್ತದೆ ಎಂದರು.

ಜಯಮ್ಮ ಹಸುಗಳನ್ನು ಬಂದ ಬೆಲೆಗೆ ಮಾರಿ, ಮನೆಗೆ ಬೀಗ ಹಾಕಿ ಮಗಳ ಮನೆಗೆ ಹೊರಟ ದಿನ ಟೆಂಪೋ ಹತ್ತಿಸಲು ನಾನೊಬ್ಬಳೇ ಇದ್ದೆ. ಹತ್ತುವ ಮುಂಚೆ ನನ್ನ ಕೈ ಹಿಡಿದುಕೊಂಡು ಮೆಲ್ಲಗೆ ಕೇಳಿದರು: "ಒಂದ್ ಮಾತು ನಿಜ ಹೇಳಿ ಡಾಕ್ಟ್ರಮ್ಮ. ಅವತ್ತು ದಾರೀಲಿ ನಾನು ಸತ್ತೋಯ್ತವೆ ಅಂತ ಬಾಯಿ ಬುಡ್ದೆ ಇದ್ದಿದ್ರೆ, ಆ ದನ ಉಳ್ಕತಿದ್ವಾ?"

ಇಲ್ಲ ಜಯಮ್ಮ, ಇಲ್ಲ ಎಂದೆ. ಅವರು ನಂಬಿದಂತೆ ಕಾಣಲಿಲ್ಲ.

ಆಮೇಲೆ ಇದ್ದಷ್ಟು ದಿನ ಕೆಲಸದಲ್ಲಿ ಒಂದು ಪರಿಪಾಠ ಇಟ್ಟುಕೊಂಡೆ. ದಿಢೀರನೆ ಸತ್ತ ದನದ ಮುಂದೆ ನಿಂತಾಗ ಏನು ತಿಂದಿತ್ತು ಎಂದು ಕೇಳಿದ ಮೇಲೆ, ಯಾರ ಮೇಲೆ ಅನುಮಾನ ಪಡ್ತಿದ್ದೀರಿ ಎಂದೂ ಕೇಳುತ್ತಿದ್ದೆ. ಹೆಸರು ಇನ್ನೂ ಊರವರ ಬಾಯಿಗೆ ಬರುವ ಮುಂಚೆ ಮಾತಾಡಿದರೆ ಒಮ್ಮೊಮ್ಮೆ ಕೇಳುತ್ತಾರೆ. ಬಂದ ಮೇಲೆ ಏನು ಹೇಳಿದರೂ ಅದು ಆ ಹೆಸರಿನ ಮೇಲೇ ಹೋಗಿ ಬೀಳುತ್ತದೆ. ಕಲಿತದ್ದು ಇಷ್ಟೇ. ಜಯಮ್ಮನ ಪಾಲಿಗೆ ಅದೂ ತಡವಾಗಿತ್ತು.

ನಿವೃತ್ತಿಯಾದ ಮೇಲೆ ಒಮ್ಮೆ ಪಾಂಡವಪುರಕ್ಕೆ ಹೋದವಳು ಅವರನ್ನು ಕಾಣಲು ಮಗಳ ಮನೆಗೆ ಹೋದೆ. ಸೊರಗಿದ್ದರು. ದನಿ ಸಣ್ಣದಾಗಿತ್ತು. ಕಾಫಿ ಕೊಟ್ಟು, ನನ್ನ ಎದುರು ನೆಲದ ಮೇಲೆ ಕೂತರು. ಮಾತಾಡುತ್ತಿದ್ದಂತೆ ಪಕ್ಕದ ಮನೆಯ ಹಸುವೊಂದು ಮೇಯಿಸಿಕೊಂಡು ಬಂದವರಿಂದ ತಪ್ಪಿಸಿಕೊಂಡು ಬಾಗಿಲಲ್ಲಿ ಬಂದು ನಿಂತು, ಮುಸುಡಿ ಒಳಗೆ ಚಾಚಿತು. ಜಯಮ್ಮ ಧಡಕ್ಕನೆ ಎದ್ದು ಪೊರಕೆ ತೆಗೆದುಕೊಂಡರು. ಹಸುವಿನ ಮೇಲೆ ಅವರು ಕೈಯೆತ್ತಿದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ.

"ಹೋಗವ್ವ, ಹೋಗು. ನನ್ ಬಾಗ್ಲಾಗೆ ನಿಂತ್ಕಬ್ಯಾಡ" ಎಂದು ಬಡಿದು ಓಡಿಸಿದರು. ಆಮೇಲೆ ಪೊರಕೆ ಹಿಡಿದುಕೊಂಡೇ ನನ್ನ ಕಡೆ ತಿರುಗಿದರು.

"ಯಾರಾರಾ ನೋಡ್‌ಬುಟ್ರಾ ಡಾಕ್ಟ್ರಮ್ಮ?"

ನಾನು ಎದ್ದು ಹೋಗಿ ಬೀದಿಯ ಎರಡೂ ಕಡೆ ನೋಡಿದೆ.

"ಇಲ್ಲ ಜಯಮ್ಮ, ಯಾರೂ ನೋಡಲಿಲ್ಲ" ಎಂದೆ.